ಒಂದು ಡೆಲ್, ಹಲವು ಚಾರ್ಜರ್: ಯಾವುದು ನಡೆಯಿತು, ಯಾವುದು ಬರೀ ಪಿನ್ ಕೂತಿತು

ಅಡಾಪ್ಟರಿನ ವೈರನ್ನು ಇಲಿ ಕಡಿದಿದೆ ಅಂತ ಗೊತ್ತಾಗಿದ್ದು ರಾತ್ರಿ ಒಂಬತ್ತಕ್ಕೆ. ಬೆಳಿಗ್ಗೆ ಕಾಲೇಜಿಗೆ ಪ್ರಶ್ನೆಪತ್ರಿಕೆ ಕೊಡಬೇಕು, ಬ್ಯಾಟರಿಯಲ್ಲಿ ಉಳಿದದ್ದು ಶೇ. 18. ಮನೆಯಲ್ಲಿ ಚಾರ್ಜರಿಗೇನೂ ಬರವಿರಲಿಲ್ಲ. ತಂಗಿಯ ಎಚ್‌ಪಿಯದಿತ್ತು, ಮಾವನವರ ಏಸರಿನದಿತ್ತು, ಮಗಳ ಲೆನೊವೊದ್ದಿತ್ತು. "ಪಿನ್ ಕೂತ್ರೆ ಆಯ್ತಲ್ಲಕ್ಕಾ, ಹಾಕಿ ನೋಡು" ಅಂದಳು ತಂಗಿ. ಆ ಪತ್ರಿಕೆ ಹೇಗೋ ಮುಗಿಯಿತು. ಆದರೆ ಪಿನ್ ಕೂತರೆ ಸಾಕೇ ಅನ್ನುವ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎರಡು ವಾರ ಒಂದೊಂದನ್ನೇ ಹಾಕಿ ನೋಡಿದೆ.

ನನ್ನದು 14 ಇಂಚಿನ ಡೆಲ್. ಮೂಲ ಅಡಾಪ್ಟರಿನ ಚೀಟಿಯಲ್ಲಿ 19.5 ವೋಲ್ಟ್, 3.34 ಆಂಪ್ ಅಂತಿದೆ. ಗುಣಿಸಿದರೆ 65 ವ್ಯಾಟ್. ಪಿನ್ನು 4.5 ಮಿ.ಮೀ. ದಪ್ಪದ ಗುಂಡನೆಯದು, ಒಳಗೆ ಸೂಜಿಯಂಥ ತೆಳ್ಳನೆಯ ಕಡ್ಡಿ. ಪಕ್ಕದಲ್ಲಿ ಚಾರ್ಜ್ ತೆಗೆದುಕೊಳ್ಳುವ ಯುಎಸ್‌ಬಿ-ಸಿ ಕಿಂಡಿಯೂ ಇದೆ. ಪ್ರತಿ ಚಾರ್ಜರಿಗೂ ಒಂದೇ ಪರೀಕ್ಷೆ: ಬ್ಯಾಟರಿ ಶೇ. 20ಕ್ಕೆ ಇಳಿದ ಮೇಲೆ ಸಿಕ್ಕಿಸಿ, ಅರ್ಧ ಗಂಟೆ ಪಾಠದ ವಿಡಿಯೋ ಓಡಿಸಿ, ಎಷ್ಟು ಏರಿತು ಅಂತ ಬರೆದುಕೊಳ್ಳುವುದು. ಕೊನೆಗೆ ಅಡಾಪ್ಟರಿನ ಮೇಲೆ ಅಂಗೈ ಇಟ್ಟು ಹತ್ತು ಎಣಿಸುವುದು.

ಸಿಕ್ಕಿಸುವ ಮುಂಚೆ ಚೀಟಿ ಓದುವುದು ಕಡ್ಡಾಯ. ಇನ್‌ಪುಟ್ ಅಂತ ಬರೆದ 100–240 ವೋಲ್ಟ್ ಸಾಲನ್ನು ಬಿಡಿ, ಅದು ಗೋಡೆಯ ಕಡೆಯ ಲೆಕ್ಕ. ನೋಡಬೇಕಾದದ್ದು ಔಟ್‌ಪುಟ್ ಸಾಲು. ವೋಲ್ಟ್ ಹೊಂದಬೇಕು. ಆಂಪ್ ನಮಗೆ ಬೇಕಾದಷ್ಟಿರಬೇಕು, ಹೆಚ್ಚಿದ್ದರೆ ತೊಂದರೆಯಿಲ್ಲ. ಓವರ್‌ಹೆಡ್ ಟ್ಯಾಂಕು ದೊಡ್ಡದಾಯಿತೆಂದು ಅಡುಗೆಮನೆಯ ನಲ್ಲಿ ಹೆಚ್ಚು ನೀರು ಸುರಿಸುವುದಿಲ್ಲ. ಹಾಗೇ ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಕಡಿಮೆ ಆಂಪಿನದಾದರೆ ಅಡಾಪ್ಟರೇ ಬಳಲುತ್ತದೆ. ಧನ–ಋಣದ ಚಿತ್ರದಲ್ಲಿ ನಡುವಿನ ಚುಕ್ಕೆಗೆ ಕೂಡುವ ಗುರುತು ಸೇರಿದೆಯೇ ಅಂತಲೂ ನೋಡಿ.

ಹಳದಿ ಮಲ್ಟಿಮೀಟರಿನಲ್ಲಿ ಅಳೆಯುವವರಿಗೆ ಒಂದು ಮಾತು. 20 ವೋಲ್ಟಿನ ಗೆರೆಯಲ್ಲಿ ಅದು 19.99ರವರೆಗೆ ಮಾತ್ರ ತೋರಿಸುತ್ತದೆ. ಲೆನೊವೊದ 20 ವೋಲ್ಟಿನ ಅಡಾಪ್ಟರ್ ಇಟ್ಟಾಗ ಬರೀ '1' ಬಂತು, ಕೆಟ್ಟಿದೆ ಅಂದುಕೊಂಡೆ. 200ರ ಗೆರೆಗೆ ತಿರುಗಿಸಿದ ಮೇಲೆ ಸರಿಯಾಗಿ 20.1 ತೋರಿಸಿತು. ಡೆಲ್, ಎಚ್‌ಪಿ ಪಿನ್ನಿನ ಒಳಸೂಜಿಗೆ ಮೀಟರಿನ ಕಡ್ಡಿ ತಾಗದಂತೆ ನೋಡಿಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಎಚ್‌ಪಿ. ನೀಲಿ ತುದಿ, 19.5 ವೋಲ್ಟ್, 3.33 ಆಂಪ್, ಅದೇ 4.5 ಮಿ.ಮೀ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಪಿನ್ನು ಸರಕ್ಕನೆ ಕೂತಿತು, ದೀಪ ಹತ್ತಿತು. ಆದರೆ ಆನ್ ಮಾಡಿದ ಕೂಡಲೇ ಪರದೆಯ ಮೇಲೆ ಎಚ್ಚರಿಕೆ ಬಂತು: ಅಡಾಪ್ಟರಿನ ಬಗೆ, ವ್ಯಾಟ್ ತಿಳಿಯುತ್ತಿಲ್ಲವಂತೆ. ಅರ್ಧ ಗಂಟೆಯ ನಂತರವೂ ಬ್ಯಾಟರಿ ಶೇ. 20ರಲ್ಲೇ ನಿಂತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ 0.79 ಗಿಗಾಹರ್ಟ್ಸ್‌ನಲ್ಲಿ ತೆವಳುತ್ತಿತ್ತು, ವಿಡಿಯೋ ತಡೆತಡೆದು ಓಡಿತು.

ಕಾರಣ ಆ ಒಳಸೂಜಿಯಲ್ಲಿದೆ. ಡೆಲ್ ಅಡಾಪ್ಟರಿನಲ್ಲಿ ಪುಟ್ಟದೊಂದು ಚಿಪ್ ಇರುತ್ತದೆ. 'ನಾನು ಇಂಥ ಅಡಾಪ್ಟರ್, ಇಷ್ಟು ವ್ಯಾಟ್ ಕೊಡಬಲ್ಲೆ' ಅನ್ನುವ ಮಾಹಿತಿ ಅದರಲ್ಲಿದ್ದು, ನಡುವಿನ ಸೂಜಿಯ ಮೂಲಕ ಲ್ಯಾಪ್‌ಟಾಪಿಗೆ ತಲುಪುತ್ತದೆ. ಎಚ್‌ಪಿಯ ಸೂಜಿಗೆ ಬೇರೆಯದೇ ಭಾಷೆ. ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಅಪಾಯಕ್ಕೆ ಕೈಹಾಕುವುದಿಲ್ಲ. ಓಡಲು ಬೇಕಾದಷ್ಟನ್ನು ಮಾತ್ರ ಎಳೆದುಕೊಂಡು, ಚಾರ್ಜಿಂಗ್ ನಿಲ್ಲಿಸಿ, ವೇಗ ತಗ್ಗಿಸುತ್ತದೆ. ಸೂಜಿ ಬಾಗಿದರೆ, ಮೀಟರಿನ ಕಡ್ಡಿ ತಾಗಿಯೋ ಇನ್ನು ಹೇಗೋ ಚಿಪ್ ಸುಟ್ಟರೆ, ಕೇಬಲಿನೊಳಗಿನ ಸಣ್ಣ ತಂತಿ ತುಂಡಾದರೆ ಡೆಲ್‌ನದೇ ಅಡಾಪ್ಟರಿಗೂ ಇದೇ ಎಚ್ಚರಿಕೆ ಬರುತ್ತದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಕಾಲೇಜಿನಲ್ಲೇ ಇಬ್ಬರು 'ಚಾರ್ಜ್ ಆಗ್ತಿಲ್ಲ' ಅಂತ ಹೊಸ ಬ್ಯಾಟರಿ ಹಾಕಿಸಿದರು. ಹಾಳಾಗಿದ್ದು ಅಡಾಪ್ಟರಿನ ಸೂಜಿ. ಲ್ಯಾಪ್‌ಟಾಪ್ ಆನ್ ಆಗುವಾಗಲೇ ಎಫ್2 ಒತ್ತಿ ಬಯೋಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ತೆರೆದರೆ, ಬ್ಯಾಟರಿ ಮಾಹಿತಿಯ ಹತ್ತಿರ ಯಾವ ಅಡಾಪ್ಟರ್ ಅಂತ ಡೆಲ್ ತಾನೇ ಬರೆದಿರುತ್ತದೆ. ದುಡ್ಡು ಕೊಡುವ ಮುಂಚೆ ಅದನ್ನೊಮ್ಮೆ ನೋಡಿ.

ಏಸರಿನದು 19 ವೋಲ್ಟ್, 3.42 ಆಂಪ್, ಪಿನ್ನು 5.5 ಮಿ.ಮೀ. ಅಂಗಡಿಯಿಂದ ಪಿನ್ ಬದಲಿಸುವ ಕನ್ವರ್ಟರ್ ತಂದು ಸಿಕ್ಕಿಸಿದೆ. ಅರ್ಧ ವೋಲ್ಟಿನ ವ್ಯತ್ಯಾಸ ಇಲ್ಲಿ ದೊಡ್ಡದಲ್ಲ. ಮೂರು ಸೆಲ್ಲಿನ ಬ್ಯಾಟರಿ ತುಂಬುವುದು ಹದಿಮೂರು ವೋಲ್ಟಿನ ಆಸುಪಾಸಿನಲ್ಲಿ, ಬಂದದ್ದನ್ನು ಒಳಗಿನ ಸರ್ಕ್ಯೂಟ್ ಇಳಿಸಿಕೊಳ್ಳುತ್ತದೆ. ಕೊರತೆಯಾಗಿದ್ದು ಮತ್ತೆ ಗುರುತು. ಕನ್ವರ್ಟರ್ ಪಿನ್ನಿನ ಆಕಾರ ಬದಲಿಸಿತೇ ಹೊರತು ಇಲ್ಲದ ಚಿಪ್ಪನ್ನು ತಂದುಕೊಡಲಿಲ್ಲ. ಫಲಿತಾಂಶ ಎಚ್‌ಪಿಯದೇ.

ತಿರುಗಾಮುರುಗಾ ಮಾಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಸಹೋದ್ಯೋಗಿಯ ಡೆಲ್ ಅಡಾಪ್ಟರನ್ನು ಎರವಲು ತಂದು, ಇನ್ನೊಂದು ಕನ್ವರ್ಟರ್ ಮೂಲಕ ಮಾವನವರ ಏಸರಿಗೆ ಹಾಕಿದೆ. ಒಂದೂ ಎಚ್ಚರಿಕೆಯಿಲ್ಲದೆ ಚಾರ್ಜ್ ಆಯಿತು. ಆ ಏಸರ್ ಗುರುತು ಕೇಳುವುದೇ ಇಲ್ಲ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ 'ಈ ಅಡಾಪ್ಟರ್ ನಡೆಯುತ್ತಾ' ಅಂತಲ್ಲ, 'ನನ್ನ ಲ್ಯಾಪ್‌ಟಾಪ್ ಗುರುತು ಕೇಳುತ್ತಾ' ಅಂತ.

ಮಗಳ ಲೆನೊವೊದ ಹಳೇ ಅಡಾಪ್ಟರಿನದು ಚೌಕಾಕಾರದ ಹಳದಿ ತುದಿ. ಡೆಲ್ಲಿಗೆ ಹೋಗುವುದೇ ಇಲ್ಲ, ಅಲ್ಲಿಗೆ ಮುಗಿಯಿತು.

ಶನಿವಾರ ಬೆಂಗಳೂರಿಗೆ ಹೋದವಳು ಎಸ್.ಪಿ. ರಸ್ತೆಯಲ್ಲಿ 'ಕಂಪಾಟಿಬಲ್' ಅಡಾಪ್ಟರ್ ಒಂದನ್ನು ತಂದೆ. ಗುರುತು ಸಿಕ್ಕಿತು, ಅರ್ಧ ಗಂಟೆಯಲ್ಲಿ ಶೇ. 50 ಮುಟ್ಟಿತು. ಇದೇ ಗೆದ್ದಿತು ಅಂತ ಹೇಳಿಬಿಡುತ್ತಿದ್ದೆ. ಆದರೆ ಚಾರ್ಜಿನಲ್ಲಿದ್ದಾಗ ಟಚ್‌ಪ್ಯಾಡಿನ ಬಾಣ ತಾನೇ ತಾನಾಗಿ ಕುಣಿಯತೊಡಗಿತು. ವೈರ್ ಕಿತ್ತರೆ ಸುಮ್ಮನಾಗುತ್ತಿತ್ತು. ಅಡಾಪ್ಟರಿನಿಂದ ಬರುವ ವಿದ್ಯುತ್ತು ಶುದ್ಧವಾಗಿಲ್ಲ ಅನ್ನುವುದಕ್ಕೆ ಇದೊಂದು ಲಕ್ಷಣ. ಅಂಗೈ ಪರೀಕ್ಷೆಯಲ್ಲಿ ಆರಕ್ಕಿಂತ ಮುಂದೆ ಎಣಿಸಲಾಗಲಿಲ್ಲ. ಚೀಟಿ ತಿರುಗಿಸಿ ಹುಡುಕಿದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಾಗಲಿ, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ಭಾರತದಲ್ಲಿ ಮಾರುವ ಲ್ಯಾಪ್‌ಟಾಪ್ ಅಡಾಪ್ಟರಿಗೆ ಆ ನೋಂದಣಿ ಕಡ್ಡಾಯ. ಕೊಳ್ಳುವಾಗಲೇ ನೋಡಬೇಕಿತ್ತು. ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಮತ್ತೆ ಪ್ಲಗ್ಗಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಯುಎಸ್‌ಬಿ-ಸಿ. ಇಲ್ಲಿ ಲೆಕ್ಕವೇ ಬೇರೆ. ಪವರ್ ಡೆಲಿವರಿ ಇರುವ ಚಾರ್ಜರೂ ಲ್ಯಾಪ್‌ಟಾಪೂ ಮೊದಲು ಮಾತಾಡಿಕೊಂಡು, 5, 9, 15, 20 ವೋಲ್ಟುಗಳಲ್ಲಿ ಯಾವುದು, ಎಷ್ಟು ಆಂಪ್ ಅಂತ ಒಪ್ಪಿಕೊಳ್ಳುತ್ತವೆ. ಒಪ್ಪಂದವಾಗದೆ 20 ವೋಲ್ಟ್ ಹೊರಬರುವುದಿಲ್ಲ. ಹಾಗಾಗಿ ಹಾಕಿ ನೋಡಲು ನನಗೆ ಭಯವೂ ಇರಲಿಲ್ಲ.

5 ವೋಲ್ಟ್ ಮಾತ್ರ ಕೊಡುವ ಹಳೇ ಫೋನ್ ಚಾರ್ಜರನ್ನು ಲ್ಯಾಪ್‌ಟಾಪ್ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 45 ವ್ಯಾಟಿನದು ನಿಧಾನ ಅನ್ನುವ ಎಚ್ಚರಿಕೆಯೊಂದಿಗೆ ಚಾರ್ಜ್ ಮಾಡಿ, ಅರ್ಧ ಗಂಟೆಯಲ್ಲಿ ಶೇ. 36 ಮುಟ್ಟಿಸಿತು. ರಾತ್ರಿ ಮಲಗುವಾಗ ಹಾಕಿಡಲು ಅಷ್ಟು ಸಾಕು. 65 ವ್ಯಾಟಿನದು ಶೇ. 51, ಎಚ್ಚರಿಕೆಯಿಲ್ಲ, ಹತ್ತು ಎಣಿಸುವವರೆಗೂ ಕೈ ಆರಾಮವಾಗಿತ್ತು. ಕೇಬಲ್ ಮಾತ್ರ ನೋಡಿ ತೆಗೆದುಕೊಳ್ಳಿ. ಮಾಮೂಲಿ ಸಿ ಕೇಬಲ್ 3 ಆಂಪಿನದು, ಅಂದರೆ 20 ವೋಲ್ಟಿಗೆ 60 ವ್ಯಾಟೇ ಗಡಿ. ಪೂರಾ 65 ಬೇಕಿದ್ದರೆ, ಒಳಗೆ ಗುರುತಿನ ಚಿಪ್ ಇರುವ 5 ಆಂಪಿನ ಕೇಬಲ್ ಬೇಕು. ಫೋನಿನ ಜೊತೆ ಬಂದ ತೆಳು ಕೇಬಲ್ಲಿಗೆ ಎಷ್ಟೇ ದೊಡ್ಡ ಚಾರ್ಜರ್ ಜೋಡಿಸಿದರೂ ಕೇಬಲ್ಲಿನ ಮಿತಿಯನ್ನು ದಾಟಲಾಗದು. ಇನ್ನೊಂದು ಮಾತು: ಎಲ್ಲ ಸಿ ಕಿಂಡಿಯೂ ಚಾರ್ಜ್ ತೆಗೆದುಕೊಳ್ಳುವುದಿಲ್ಲ, ಕೆಲವು ಬರೀ ಪೆನ್‌ಡ್ರೈವಿಗೆ. ನಿಮ್ಮ ಮಾಡೆಲ್ಲಿನ ಕೈಪಿಡಿ ನೋಡಿಕೊಳ್ಳಿ.

ನನ್ನ ಆಯ್ಕೆ 65 ವ್ಯಾಟಿನ ಯುಎಸ್‌ಬಿ-ಸಿ ಮತ್ತು 5 ಆಂಪಿನ ಕೇಬಲ್. ಮಗಳ ಹೊಸ ಲ್ಯಾಪ್‌ಟಾಪಿಗೂ ಈಗ ಅದೇ. ಸಿ ಕಿಂಡಿ ಇಲ್ಲದ ಡೆಲ್ ಆಗಿದ್ದರೆ, ಬೆಲೆ ಹೆಚ್ಚಾದರೂ ಕಂಪನಿಯದೇ ಅಡಾಪ್ಟರ್ ತರುತ್ತಿದ್ದೆ. ತಂಗಿಯ ನೀಲಿ ಪಿನ್ನು? ಬ್ಯಾಟರಿ ಮುಗಿಯುವ ಹೊತ್ತಿಗೆ ಅರ್ಧ ಬರೆದ ಪತ್ರಿಕೆಯನ್ನು ಉಳಿಸಿಕೊಳ್ಳಲು ಅದೇ ನೆರವಾಯಿತು. ಆ ರಾತ್ರಿ 0.79 ಗಿಗಾಹರ್ಟ್ಸ್‌ನಲ್ಲೇ ಉಳಿದ ಹನ್ನೊಂದು ಪ್ರಶ್ನೆಗಳನ್ನು ಟೈಪ್ ಮಾಡಿ ಮುಗಿಸಿದೆ.