ಪುಟ್ಟ ಮಿಲ್ಲಿಂಗ್ ಮಷೀನ್: ವರ್ಷಗಳ ಬಳಕೆಯ ಮೇಲೆ, ಮಷೀನಿಗಿಂತ ಟೂಲುಗಳ ಬಗ್ಗೆಯೇ ಹೆಚ್ಚು

ಬೆಂಚಿನ ಮೇಲೆ ಕೂರುವಂಥ ಸಣ್ಣ ಮಿಲ್ಲಿಂಗ್ ಮಷೀನ್ (ತಿರುಗುವ ಕಟ್ಟರಿನಿಂದ ಲೋಹ ಕೆತ್ತುವ ಯಂತ್ರ) ತಗೊಳ್ಳಬೇಕು ಅಂತ ಲೆಕ್ಕ ಹಾಕುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಧಾರಾಳವಾಗಿ ತಗೊಳ್ಳಿ, ಆದರೆ ಕೈಲಿರುವ ದುಡ್ಡನ್ನೆಲ್ಲ ಮಷೀನಿಗೇ ಸುರಿಯಬೇಡಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ವೈಸ್ (ಲೋಹದ ತುಂಡನ್ನು ದವಡೆಯಲ್ಲಿ ಹಿಡಿಯುವ ಸಾಧನ), ಚಕ್ (ಟೂಲ್ ಹಿಡಿಯುವ ಸಾಧನ), ಕ್ಲ್ಯಾಂಪ್, ಕಟ್ಟರ್ ಬಹುಪಾಲು ದೊಡ್ಡ ಮಷೀನುಗಳ ಅಳತೆಗೆ ತಯಾರಾದವು. ಅವನ್ನು ಕುಯ್ದು, ತಗ್ಗಿಸಿ, ಬೇಕಾದಲ್ಲಿ ಹೊಸದಾಗಿ ಮಾಡಿಕೊಂಡು ಈ ಪುಟ್ಟ ಮಷೀನಿಗೆ ಒಗ್ಗಿಸಿಕೊಂಡ ಮೇಲೆಯೇ ನನ್ನ ಮಷೀನ್ ನಿಜವಾಗಿ ಕೆಲಸಕ್ಕೆ ಬಂದದ್ದು.

ನನ್ನದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಹತ್ತಿರ, ಮನೆಯ ಕೆಳಗಿನ ಕಾರ್ ಶೆಡ್ಡಿನಲ್ಲಿ ನಡೆಯುವ ಸಣ್ಣ ವರ್ಕ್‌ಶಾಪು. ಹೊಲಿಗೆ ಮಷೀನಿನ ಬಿಡಿಭಾಗ, ಮೋಟರ್ ಬ್ರಾಕೆಟ್, ಟ್ರೈಪಾಡ್ ಪ್ಲೇಟ್, ಅಕ್ಕಪಕ್ಕದ ಲೇತ್ ಶಾಪುಗಳಿಗೆ ಬೇಕಾಗುವ ಪುಟ್ಟ ಜಿಗ್‌ಗಳು (ಕೆಲಸದ ತುಂಡನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಸಾಧನಗಳು) ನನ್ನ ದಿನನಿತ್ಯದ ಕೆಲಸ. ಮಷೀನಿನ ಹೆಸರು ಇಲ್ಲಿ ಮುಖ್ಯವಲ್ಲ. ಟೇಬಲ್ ಸುಮಾರು 390 ಮಿ.ಮೀ. ಉದ್ದ, 90 ಮಿ.ಮೀ. ಚಿಲ್ಲರೆ ಅಗಲ, 12 ಮಿ.ಮೀ. ಟೀ-ಸ್ಲಾಟ್ (ಬೋಲ್ಟ್ ಕೂರಿಸಲು ಟೇಬಲಿನಲ್ಲಿರುವ ಟೀ ಆಕಾರದ ಸೀಳು), ಎಂಟಿ3 (ಮೋರ್ಸ್ ಟೇಪರ್ 3, ಅಂದರೆ ಒಳಗೆ ಹೋದಂತೆ ಕಿರಿದಾಗುವ ತೂತು) ಸ್ಪಿಂಡಲ್ (ಟೂಲ್ ತಿರುಗಿಸುವ ದಂಡ), ಎಂ12 (12 ಮಿ.ಮೀ. ಥ್ರೆಡ್ಡಿನ) ಡ್ರಾಬಾರ್ (ಟೂಲನ್ನು ಮೇಲಿಂದ ಎಳೆದು ಹಿಡಿಯುವ ಉದ್ದ ಬೋಲ್ಟ್). ಇದೇ ಅಳತೆಯ ಮಷೀನು ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ತಗೊಳ್ಳುವ ಮುಂಚೆ ಡ್ರಾಬಾರ್ ಥ್ರೆಡ್ ಯಾವುದು ಅಂತ ಮಾತ್ರ ಖಚಿತ ಮಾಡಿಕೊಳ್ಳಿ. ಎಂಟಿ3 ಆದರೆ ನಮ್ಮಲ್ಲಿ ಆರ್ಬರ್ (ಚಕ್ ಕೂರಿಸುವ ಟೇಪರ್ ದಂಡ), ಸ್ಲೀವ್ ಹುಡುಕುವ ತಾಪತ್ರಯ ಕಡಿಮೆ, ಲೇತ್ ಟೇಲ್‌ಸ್ಟಾಕಿಗೂ ಡ್ರಿಲ್ಲಿಂಗ್ ಮಷೀನಿಗೂ ಇದೇ ಟೇಪರ್ ಸರಂಜಾಮು ಬಳಕೆಯಲ್ಲಿದೆ.

ಈ ಮಷೀನಿನಲ್ಲಿ ಎಲ್ಲಕ್ಕಿಂತ ತುಟ್ಟಿ ಅಂದರೆ ಎತ್ತರ. ನನ್ನದರಲ್ಲಿ ಹೆಡ್ ಪೂರ್ತಿ ಮೇಲೆತ್ತಿದರೆ ಸ್ಪಿಂಡಲ್ ಮೂತಿಯಿಂದ ಟೇಬಲ್ಲಿಗೆ 270 ಮಿ.ಮೀ. ಹತ್ತಿರ ಸಿಗುತ್ತದೆ. ಕೇಳುವುದಕ್ಕೆ ಬೇಕಾದಷ್ಟಾಯಿತು ಅನ್ನಿಸುತ್ತದೆ. ಈಗ ಕೂಡಿಸಿ ನೋಡಿ. ವೈಸ್ 75, ಅದರಿಂದ ಮೇಲೆ ಕಾಣುವ ಜಾಬ್ (ಕೆಲಸದ ತುಂಡು) 40, ಎಂಟಿ3 ಆರ್ಬರಿಗೆ ಹಾಕಿದ 13 ಮಿ.ಮೀ. ಡ್ರಿಲ್ ಚಕ್ 115, ಅದರಿಂದ ಕೆಳಗೆ ಇಳಿಬಿದ್ದ 10 ಮಿ.ಮೀ. ಡ್ರಿಲ್ ಬಿಟ್ 95. ಒಟ್ಟು 325. ಡ್ರಿಲ್ ಜಾಬಿನ ಮೇಲೆ ಬರುವುದೇ ಇಲ್ಲ! ಅದಕ್ಕೇ ಈ ಮಷೀನಿಗೆ ಏನೇ ಕೊಳ್ಳುವುದಿದ್ದರೂ ಇದು ಎಷ್ಟು ಮಿಲಿಮೀಟರ್ ತಿನ್ನುತ್ತದೆ ಅಂತ ಮೊದಲು ನೋಡುತ್ತೇನೆ, ರೇಟು ಆಮೇಲೆ.

ಎತ್ತರ ಉಳಿಸಿದರೆ ಗಟ್ಟಿತನವೂ ಸಿಗುತ್ತದೆ. ಕಟ್ಟರ್ ಎಷ್ಟು ಹೊರಗೆ ಚಾಚಿದೆಯೋ ಆ ಉದ್ದದ ಘನದ ಲೆಕ್ಕದಲ್ಲಿ ಅದು ಬಾಗುತ್ತದೆ. ಚಾಚು ಅರ್ಧಕ್ಕಿಳಿದರೆ, ಅದೇ ಒತ್ತಡಕ್ಕೆ ಬಾಗುವುದು ಎಂಟನೇ ಒಂದು ಭಾಗ. ದೊಡ್ಡ ಮಷೀನಿನಲ್ಲಿ ತೂಕ, ಅಗಲವಾದ ಸ್ಲೈಡು, ದಪ್ಪ ಕಾಲಂ (ಹೆಡ್ ಹೊತ್ತ ಕಂಬ) ಎಲ್ಲ ಸೇರಿ ಆ ನಡುಕವನ್ನು ನುಂಗಿಕೊಳ್ಳುತ್ತವೆ. ಇಲ್ಲಿ ಆ ಆಸರೆ ಇಲ್ಲ. ಹಾಗಾಗಿ ನನ್ನ ಡ್ರಾಯರಿನಲ್ಲಿ ಉದ್ದನೆಯ ಡ್ರಿಲ್ ಬಿಟ್ಟುಗಳ ಜಾಗಕ್ಕೆ ಗಿಡ್ಡನೆಯ ಸ್ಟಬ್ ಡ್ರಿಲ್‌ಗಳು ಬಂದಿವೆ. ಮಾಮೂಲಿ 10 ಮಿ.ಮೀ. ಡ್ರಿಲ್ 133 ಮಿ.ಮೀ. ಉದ್ದ, ಸ್ಟಬ್ ಆದರೆ 89. ಅದನ್ನು ಚಕ್ಕಿನ ಬದಲು ಇಆರ್25 ಕೋಲೆಟ್ಟಿನಲ್ಲಿ (ಟೂಲಿನ ಸುತ್ತ ಬಿಗಿಯುವ, ಸೀಳುಗಳಿರುವ ಕೊಳವೆ) ಹಿಡಿದರೆ ಮೇಲಿನ 325 ಲೆಕ್ಕ 225ಕ್ಕೆ ಇಳಿಯುತ್ತದೆ, ಜಾಬ್ ಒಳಗೆ ಕೂರುತ್ತದೆ. ಸ್ಟಬ್ ಡ್ರಿಲ್ಲಿಗೆ ಸೆಂಟರ್ ಪಾಯಿಂಟ್‌ನಿಂದ ಜಾರುವ ಚಾಳಿಯೂ ಕಡಿಮೆ.

ಇಆರ್25 ಚಕ್ 16 ಮಿ.ಮೀ. ಶ್ಯಾಂಕಿನವರೆಗೆ (ಟೂಲಿನ ಹಿಡಿ ಭಾಗ) ಹಿಡಿಯುತ್ತದೆ. ಈ ಗಾತ್ರದ ಮಷೀನಿಗೆ ಅಷ್ಟು ಸಾಕೇ ಸಾಕು, ಇಆರ್32 ಬೇಡ. ಅದರ ನಟ್ಟೇ ದಪ್ಪ, ವೈಸಿನ ದವಡೆಗೆ ತಾಗುತ್ತದೆ. ಒಂದು ಮಾತು ಒತ್ತಿ ಹೇಳಬೇಕು: ಎಂಡ್ ಮಿಲ್ಲನ್ನು (ತುದಿಯಿಂದಲೂ ಪಕ್ಕದಿಂದಲೂ ಕೊರೆಯುವ ಕಟ್ಟರ್) ಡ್ರಿಲ್ ಚಕ್ಕಿಗೆ ಸಿಕ್ಕಿಸಿ ಮಿಲ್ಲಿಂಗ್ ಮಾಡಬೇಡಿ. ಡ್ರಿಲ್ ಚಕ್ಕು ಆರ್ಬರಿನ ಮೇಲೆ ಬರೀ ಸಣ್ಣ ಟೇಪರಿನ ಹಿಡಿತದಲ್ಲಿ ಕೂತಿರುತ್ತದೆ. ಅಡ್ಡ ಒತ್ತಡ ಬಿದ್ದರೆ ಸಡಿಲವಾಗಿ, ತಿರುಗುತ್ತಿರುವಾಗಲೇ ಕಳಚಿ ಬೀಳಬಹುದು.

ಆದರೂ ಡ್ರಿಲ್ ಚಕ್ ಪೂರ್ತಿ ಬಿಡುವ ಹಾಗಿಲ್ಲ, ತೆಳುವಾದ ಜಾಬಿಗೆ ಅದೇ ಸಲೀಸು. ಡ್ರಿಲ್ಲಿಂಗ್ ಮಷೀನಿಗೆಂದು ಮಾರುವ ಎಂಟಿ3 ಆರ್ಬರಿನ ತುದಿಯಲ್ಲಿ ಚಪ್ಪಟೆ ಬಾಲ ಇರುತ್ತದೆ. ಅಲ್ಲಿ ಸ್ಪಿಂಡಲ್ಲಿನ ಪಕ್ಕದಲ್ಲಿ ಕಿಂಡಿ ಇದೆ, ಡ್ರಿಫ್ಟ್ (ಬೆಣೆ) ಹೊಡೆದು ಬಿಡಿಸುತ್ತಾರೆ. ಮಿಲ್ಲಿಂಗ್ ಸ್ಪಿಂಡಲ್ಲಿಗೆ ಆ ಕಿಂಡಿ ಇಲ್ಲ, ಹಿಂದಿನಿಂದ ಡ್ರಾಬಾರ್ ಎಳೆದು ಹಿಡಿಯಬೇಕು. ಪಕ್ಕದ ಬೀದಿಯ ಲೇತ್ ಮೇಸ್ತ್ರಿ ಆರ್ಬರ್ ನೋಡಿದವನೇ, "ಈ ಬಾಲ ನಿಮ್ ಮಷೀನಿಗೆ ಯಾಕ್ ಸಾರ್? ಕುಯ್ದ್ ಹಾಕಿ, ಹಿಂದೆ ಟ್ಯಾಪ್ ಹೊಡ್ಕೊಡ್ತೀನಿ" ಅಂದ. ಬಾಲವನ್ನು ಕಟಿಂಗ್ ವೀಲ್‌ನಲ್ಲಿ ತೆಗೆದು, ನಾಲ್ಕು ದವಡೆಯ ಚಕ್ಕಿನಲ್ಲಿ ಹಿತ್ತಾಳೆ ತಗಡು ಕೊಟ್ಟು ಹಿಡಿದು, ಡಯಲ್ ಗೇಜ್ ಇಟ್ಟು ಸೆಂಟರ್ ಮಾಡಿ, 10.2 ಡ್ರಿಲ್ ಹಾಕಿ, ಎಂ12 ಟ್ಯಾಪ್ ಹೊಡೆದು (ಒಳಗೆ ಥ್ರೆಡ್ ಕೊರೆದು) ಕೊಟ್ಟ. ಎಂಟಿ3 ಸಣ್ಣ ತುದಿಯಲ್ಲಿ 20 ಮಿ.ಮೀ. ಹತ್ತಿರ ವ್ಯಾಸ ಇರುವುದರಿಂದ ಸುತ್ತಲೂ 4 ಮಿ.ಮೀ. ಗೋಡೆ ಉಳಿಯುತ್ತದೆ. ಕೆಲವು ಆರ್ಬರುಗಳ ತುದಿ ಹಾರ್ಡನ್ ಆಗಿರುತ್ತದೆ. ಮೊದಲು ಅರ ಆಡಿಸಿ ನೋಡಿ, ಅರ ಜಾರಿದರೆ ಆ ಆರ್ಬರ್ ಬಿಟ್ಟು ಬೇರೆ ಹುಡುಕಿ.

ಎಂಟಿ3ಯ ದೊಡ್ಡ ತೊಂದರೆ ಬಿಡಿಸುವಾಗ. ಡ್ರಾಬಾರ್ ಸಡಿಲಿಸಿ ಮೇಲಿಂದ ಸುತ್ತಿಗೆಯಲ್ಲಿ ಕುಟ್ಟಿ ಅಂತಾರೆ, ಆ ಪೆಟ್ಟೆಲ್ಲ ಸ್ಪಿಂಡಲ್ ಬೇರಿಂಗಿಗೆ ಹೋಗುತ್ತದೆ. ನಾನು ಹೆಡ್ಡಿನ ಮೇಲೆ ಎರಡು ಕಂಬ ನಿಲ್ಲಿಸಿ, ಡ್ರಾಬಾರಿನ ತಲೆಯ ಮೇಲೆ ತೂತಿರುವ ದಪ್ಪ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿ ಅಡ್ಡಹಾಕಿದ್ದೇನೆ. ಸ್ಪಾನರ್ ಆ ತೂತಿನಿಂದ ಇಳಿಯುತ್ತದೆ. ಡ್ರಾಬಾರ್ ಬಿಚ್ಚುತ್ತಾ ಹೋದಂತೆ ಅದರ ತಲೆ ಪಟ್ಟಿಗೆ ಒತ್ತಿಕೊಳ್ಳುತ್ತದೆ, ಇನ್ನಷ್ಟು ತಿರುಗಿಸಿದರೆ ಆರ್ಬರ್ ತಾನಾಗಿ ಕೆಳಗೆ ಬರುತ್ತದೆ. ಸುತ್ತಿಗೆಯ ಪೆಟ್ಟಿಲ್ಲ. ಮಷೀನ್ ಓಡುವಾಗ ತಲೆಗೂ ಪಟ್ಟಿಗೂ ನಡುವೆ ಒಂದೆರಡು ಮಿಲಿಮೀಟರ್ ಸಂದು ಇರಲೇಬೇಕು. ನನ್ನ ಮಷೀನಿಗೆ ಮಾಡಿದ ಬದಲಾವಣೆಗಳಲ್ಲಿ ದಿನಾ ಉಪಯೋಗಕ್ಕೆ ಬರುವುದು ಇದೇ.

ಕ್ಲ್ಯಾಂಪಿಂಗ್ ಸೆಟ್ ವಿಚಾರಕ್ಕೆ ಬರೋಣ. ಬೆಂಗಳೂರಿನಲ್ಲಿ ನನಗೆ ಸುಲಭಕ್ಕೆ ಸಿಕ್ಕಿದ್ದು 14 ಮಿ.ಮೀ. ಸ್ಲಾಟಿನ ಎಂ12 ಸೆಟ್. ಟೀ-ನಟ್ಟಿನ ಕುತ್ತಿಗೆಯನ್ನು ಅರದಲ್ಲಿ ಉಜ್ಜಿ 12ಕ್ಕೆ ಇಳಿಸಿಕೊಳ್ಳಿ ಅಂತ ಸಲಹೆ ಕೊಡುವವರು ಇದ್ದಾರೆ. ಲೆಕ್ಕ ಹಾಕಿದರೆ ಅದು ಆಗದ ಮಾತು: ಎಂ12 ತೂತಿರುವ ನಟ್ಟಿನ ಕುತ್ತಿಗೆ 12 ಆದರೆ ಗೋಡೆಯೇ ಉಳಿಯುವುದಿಲ್ಲ. ಜರ್ಮನ್ ಮಾನಕ ಡಿಐಎನ್ 508 ಪ್ರಕಾರ 12ರ ಸ್ಲಾಟಿಗೆ ಎಂ10. ನಾನು ಇನ್ನೂ ಒಂದು ಮೆಟ್ಟಿಲು ಇಳಿದು ಎಂ8 ಇಟ್ಟುಕೊಂಡೆ. ಈ ಮಷೀನಿನ ಟೇಬಲ್ ಬೀಡಿನದು (ಎರಕದ ಕಬ್ಬಿಣ), ಸ್ಲಾಟಿನ ತುಟಿ ತೆಳು. ಎಂ12 ಬೋಲ್ಟಿಗೆ ಉದ್ದ ಸ್ಪಾನರ್ ಹಾಕಿ ಬಿಗಿದರೆ ತುಟಿ ಮುರಿದು ಬರುತ್ತದೆ, ಬೀಡಿಗೆ ಬಾಗುವ ಗುಣವಿಲ್ಲ.

ಟೀ-ನಟ್ಟುಗಳನ್ನು ಇದೇ ಮಷೀನಿನಲ್ಲಿ ಮಾಡಿದೆ. 20×12 ಎಂ.ಎಸ್. ಫ್ಲ್ಯಾಟನ್ನು ವೈಸಿನಲ್ಲಿ ಹಿಡಿದು ಎರಡೂ ಪಕ್ಕ ಮೆಟ್ಟಿಲು ತೆಗೆಯುತ್ತಾ ಹೋದರೆ ಉದ್ದಕ್ಕೂ ಟೀ ಆಕಾರ ಬರುತ್ತದೆ. ಕುತ್ತಿಗೆ 11.7, ಕೆಳಗಿನ ಅಗಲ 18ಕ್ಕಿಂತ ತುಸು ಕಮ್ಮಿ. ಕೆಳಭಾಗದ ದಪ್ಪಕ್ಕೆ ಮಾತ್ರ ಪುಸ್ತಕದ ಅಳತೆ ನಂಬದೆ, ನಿಮ್ಮ ಸ್ಲಾಟಿನೊಳಗೆ ವರ್ನಿಯರ್ ಇಳಿಸಿ ಅಳೆದುಕೊಳ್ಳಿ. 10 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್, 800 ಆರ್‌ಪಿಎಂ, ಸಲಕ್ಕೆ ಅರ್ಧ ಮಿಲಿಮೀಟರ್ ಆಳ, ನಡುನಡುವೆ ಬ್ರಷ್ಷಿನಲ್ಲಿ ಎಣ್ಣೆ. ಈ ವೇಗದಲ್ಲಿ ಕಟ್ಟರಿನ ಅಂಚು ನಿಮಿಷಕ್ಕೆ 25 ಮೀಟರ್ ಓಡುತ್ತದೆ, ಎಂ.ಎಸ್.ಗೆ ಎಚ್‌ಎಸ್‌ಎಸ್ ಬಾಳುವ ವೇಗ ಅದು. ಆಮೇಲೆ ಸಾಲಾಗಿ 6.8 ಡ್ರಿಲ್, ಎಂ8 ಟ್ಯಾಪ್, ಕೊನೆಗೆ ಹ್ಯಾಕ್ಸಾದಲ್ಲಿ ತುಂಡು ಮಾಡಿದರೆ ಆಯಿತು. ಇನ್ನೊಂದು ಕೆಲಸ ಮರೆಯುವಂತಿಲ್ಲ: ಪ್ರತಿ ನಟ್ಟನ್ನೂ ತಲೆಕೆಳಗೆ ಮಾಡಿ, ತೂತಿನ ಅಂಚಿಗೆ ಸೆಂಟರ್ ಪಂಚ್ ಇಟ್ಟು ಮೂರು ಕಡೆ ಹೊಡೆಯಿರಿ. ಕೆಳಗಿನ ಥ್ರೆಡ್ ಮುದುರಿಕೊಂಡು ಸ್ಟಡ್ (ತಲೆಯಿಲ್ಲದ ಬೋಲ್ಟ್) ಅಲ್ಲೇ ನಿಲ್ಲುತ್ತದೆ. ಹಾಗೆ ಮಾಡದಿದ್ದರೆ ಸ್ಟಡ್ ತೂರಿ ಕೆಳಗಿಳಿದು ಸ್ಲಾಟಿನ ತಳಕ್ಕೆ ಊರಿಕೊಂಡು, ನಟ್ಟನ್ನು ಜಾಕಿನ ಹಾಗೆ ಮೇಲಕ್ಕೆತ್ತಿ ತುಟಿಯನ್ನು ಸೀಳುತ್ತದೆ.

ವೈಸಿನ ಮೇಲೆ ನಾನು ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಮೊದಲಿದ್ದದ್ದು ಡ್ರಿಲ್ಲಿಂಗಿಗೆ ಬಳಸುತ್ತಿದ್ದ 100 ಮಿ.ಮೀ. ಮಷೀನ್ ವೈಸ್, ತಿರುಗುವ ಬೇಸ್ ಸಮೇತ. ಬೇಸ್ ಬಿಚ್ಚಿದಾಗ ಸುಮಾರು 30 ಮಿ.ಮೀ. ಎತ್ತರ ಉಳಿಯಿತು, ತಳಕ್ಕೆ ಫೈಲ್ ಆಡಿಸಿ ಕೂರಿಸಿದೆ, ಹ್ಯಾಂಡಲ್ ಕಾಲಂಗೆ ಬಡಿಯುತ್ತಿದ್ದರಿಂದ ಅದನ್ನೂ ಅರ್ಧಕ್ಕೆ ಕುಯ್ದೆ. ಕೆಲಸ ನಡೆಯಿತು. ಆದರೆ ಅಂಥ ವೈಸ್ ಬಿಗಿಯುವಾಗ ಚಲಿಸುವ ದವಡೆ ತುಸು ಮೇಲೆದ್ದು ಜಾಬನ್ನೂ ಎತ್ತುತ್ತದೆ, ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಪ್ಯಾರಲಲ್ (ಜಾಬಿನ ಅಡಿಗಿಡುವ ಸಮ ಪಟ್ಟಿ) ಮೇಲೆ ಕೂರಿಸಬೇಕು. ಆಮೇಲೆ 73 ಮಿ.ಮೀ. ಸ್ಕ್ರೂಲೆಸ್ ವೈಸ್ ತಂದೆ. ಅದರ ಬೋಲ್ಟ್ ಓರೆಯಾಗಿ ಕೆಳಕ್ಕೆಳೆಯುವುದರಿಂದ ದವಡೆ ಏಳುವ ಪ್ರಶ್ನೆಯೇ ಇಲ್ಲ. ಪಕ್ಕಗಳೆಲ್ಲ ಗ್ರೈಂಡ್ ಆಗಿರುವುದರಿಂದ ಮೂಲಮಟ್ಟದ ಬದಲಿಗೂ ಬಳಸಬಹುದು. ದವಡೆ ಹಿಂದೆ ಮುಂದೆ ಮಾಡುವಾಗ ಪಿನ್ ತೆಗೆದು ಬೇರೆ ಕಚ್ಚಿಗೆ ಸಿಕ್ಕಿಸಬೇಕು, ಅದು ನಿಧಾನ. ಒಂದೇ ಅಳತೆಯ ಜಾಬ್ ಹತ್ತಾರು ಮಾಡುವಾಗ ತೊಂದರೆ ಅನ್ನಿಸುವುದಿಲ್ಲ.

ಈ ವೈಸಿಗೆ ಬೋಲ್ಟ್ ಹಾಕುವ ಕಿವಿಗಳಿಲ್ಲ, ಪಕ್ಕದಲ್ಲಿ ಉದ್ದುದ್ದ ಕೊರೆದ ತೋಡು ಮಾತ್ರ. ಸೆಟ್ಟಿನ ಕ್ಲ್ಯಾಂಪುಗಳ ಮೂಗು ಆ ತೋಡಿಗೆ ಹೋಗದಷ್ಟು ದಪ್ಪ. ಮೂಗನ್ನು ಗ್ರೈಂಡರಿನಲ್ಲಿ ತೆಳು ಮಾಡಿ ನೋಡಿದೆ, ಹಿಡಿಯುತ್ತದೆ. ಆದರೆ ಸ್ಟಡ್ಡು, ಸ್ಟೆಪ್ ಬ್ಲಾಕು ಎಲ್ಲ ಎದ್ದು ನಿಂತು ಕೋಲೆಟ್ ನಟ್ಟಿನ ದಾರಿಗೆ ಅಡ್ಡ ಬರುತ್ತವೆ. ಕೊನೆಗೆ 12 ಮಿ.ಮೀ. ಪಟ್ಟಿಯಿಂದ ಗಿಡ್ಡ ಕ್ಲ್ಯಾಂಪ್ ಮಾಡಿ, ಅಲೆನ್ ಬೋಲ್ಟಿನ ತಲೆ ಮುಳುಗುವಂತೆ ಕೌಂಟರ್‌ಬೋರ್ ಹಾಕಿದೆ. ಈಗ ವೈಸಿನ ಬೆನ್ನಿಗಿಂತ ಮೇಲೆ ಏನೂ ಏಳುವುದಿಲ್ಲ. ವೈಸನ್ನು ಟೇಬಲಿನ ಉದ್ದಕ್ಕೇ ಮಲಗಿಸುತ್ತೇನೆ. ಅಡ್ಡಕ್ಕಿಟ್ಟರೆ ಅದರ ಬಾಲ ಟೇಬಲಿನಿಂದ ಆಚೆ ಹೋಗಿ ಕಾಲಂಗೆ ಮುಟ್ಟುತ್ತದೆ, ಹಿಂದೆ ಮುಂದೆ ಸರಿಯುವ ಜಾಗ ಸುಮ್ಮನೆ ಹಾಳು.

ಮೇಲ್ಮೈ ಸಮ ಮಾಡಲು ನಾಲ್ಕು ಇನ್ಸರ್ಟಿನ (ಬದಲಿಸಬಹುದಾದ ಕತ್ತರಿಸುವ ತುಣುಕು) 50 ಮಿ.ಮೀ. ಫೇಸ್ ಮಿಲ್ ಈ ಮಷೀನಿಗೆ ಭಾರ, ಕಾಲಂ ಸಮೇತ ನಡುಗುತ್ತದೆ. ಒಂದೇ ಟೂಲಿನ ಫ್ಲೈಕಟ್ಟರ್ ಸಾಕು. ಅದರ ಶ್ಯಾಂಕನ್ನು ಕೋಲೆಟ್ ಎಷ್ಟು ಹಿಡಿಯುತ್ತದೋ ಅಷ್ಟೇ ಉಳಿಸಿ ಮಿಕ್ಕಿದ್ದನ್ನು ಕುಯ್ದಿದ್ದೇನೆ. ಅಲ್ಯೂಮಿನಿಯಂಗೆ 500 ಆರ್‌ಪಿಎಂ, 0.2 ಆಳ, ಒಂದೇ ಹದದಲ್ಲಿ ನಿಧಾನದ ಫೀಡ್ ಕೊಟ್ಟರೆ ಮುಖ ಕಾಣುವಂಥ ಫಿನಿಶ್ ಬರುತ್ತದೆ. ಇನ್ಸರ್ಟ್ ಬಳಸುವುದಾದರೆ ಅಲ್ಯೂಮಿನಿಯಂಗೆ ಅಂತ ಇರುವ ಸಿಸಿಜಿಟಿ ಮಾದರಿ ಕೇಳಿ ತನ್ನಿ. ಅದರ ಅಂಚು ಗ್ರೈಂಡ್ ಮಾಡಿದ್ದು, ಹರಿತ. ಸಣ್ಣ ಮೋಟರಿಗೆ ಹರಿತವಾದ ಅಂಚೇ ಆಗಬೇಕು, ಎಂ.ಎಸ್.ಗೂ ನಾನು ಹಲವು ಸಲ ಅದನ್ನೇ ಹಾಕುತ್ತೇನೆ.

ಮಷೀನಿನ ಕುಂದುಗಳನ್ನೂ ಹೇಳಬೇಕು. ಹೆಡ್ಡಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರಿತು. ಮತ್ತೆ ಗೇರ್ ಹಾಕದೆ ಬೆಲ್ಟಿಗೆ ಬದಲಾಯಿಸಿಕೊಂಡೆ. ಸದ್ದು ಇಳಿಯಿತು, ಕಟ್ಟರ್ ಸಿಕ್ಕಿಕೊಂಡರೆ ಬೆಲ್ಟ್ ಜಾರಿ ಕಟ್ಟರನ್ನೂ ಉಳಿಸುತ್ತದೆ. ಟೇಬಲ್ ಸರಿಸುವ ಲೀಡ್‌ಸ್ಕ್ರೂಗಳಲ್ಲಿ ಪ್ಲೇ (ಸಡಿಲ) ಇದ್ದೇ ಇದೆ, ಹಾಗಾಗಿ ಕ್ಲೈಂಬ್ ಮಿಲ್ಲಿಂಗ್ (ಕಟ್ಟರಿನ ಹಲ್ಲು ಓಡುವ ದಿಕ್ಕಿಗೇ ಜಾಬ್ ಸರಿಸುವುದು) ಕಡೆ ಹೋಗಬೇಡಿ, ಕಟ್ಟರ್ ಟೇಬಲನ್ನೇ ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಕಾಲಂ ಕೆಳಗೆ ಶಿಮ್ (ತೆಳು ತಗಡು) ಕೊಟ್ಟು, ಸ್ಪಿಂಡಲಿಗೆ ಡಯಲ್ ಕಟ್ಟಿ ಸುತ್ತಿಸಿ, 150 ಮಿ.ಮೀ. ಅಂತರಕ್ಕೆ 0.02 ಒಳಗೆ ತಂದುಕೊಂಡಿದ್ದೇನೆ. ತಂದ ದಿನವೇ ಈ ಕೆಲಸ ಮಾಡಿಕೊಳ್ಳಿ, ಇಲ್ಲದಿದ್ದರೆ ಫ್ಲೈಕಟ್ಟರ್ ಜಾಬಿನ ಮೇಲೆ ಹಳ್ಳ ತೋಡುತ್ತದೆ. ದಪ್ಪ ಕಬ್ಬಿಣದಲ್ಲಿ ದಿನವಿಡೀ ಮಾಲು ತೆಗೆಯುವ ಉದ್ದೇಶ ಇದ್ದವರು ಇದನ್ನು ನೋಡಲೇಬಾರದು, ಅವರಿಗೆ ಹಳೆಯ ಎಚ್‌ಎಂಟಿ ಮಷೀನ್ ಇಟ್ಟಿರುವ ಶಾಪಿನಲ್ಲಿ ಜಾಬ್‌ವರ್ಕ್ ಕೊಡುವುದೇ ಲಾಭ. ನನ್ನ ಥರದ ಕೆಲಸಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ.

ಇತ್ತೀಚೆಗೆ ಒಗ್ಗಿಸಿಕೊಂಡದ್ದು 100 ಮಿ.ಮೀ. ರೋಟರಿ ಟೇಬಲ್ (ಜಾಬನ್ನು ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ದುಂಡು ಟೇಬಲ್). ಅದರ ಕಿವಿಗಳ ಅಂತರ ನಮ್ಮ ಸ್ಲಾಟುಗಳಿಗೆ ಹೊಂದಲಿಲ್ಲ. 12 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ತಗೊಂಡು, ರೋಟರಿ ಟೇಬಲನ್ನು ಅದಕ್ಕೆ ಬಿಗಿದು, ಪ್ಲೇಟಿನ ತಳಕ್ಕೆ ಸ್ಲಾಟಿನಲ್ಲಿ ಸರಿಯಾಗಿ ಕೂರುವ 12 ಮಿ.ಮೀ. ಅಗಲದ ಕೀ ಪಟ್ಟಿ ಹಾಕಿದೆ. ಎತ್ತಿಟ್ಟು ಮತ್ತೆ ಕೂರಿಸಿದರೂ ಈಗ ನೇರವಾಗಿಯೇ ಬರುತ್ತದೆ, ಡಯಲ್ ಹಿಡಿದು ಪರದಾಡಬೇಕಿಲ್ಲ. ಕೊಳ್ಳುವಾಗ 72:1 ಅನುಪಾತದ್ದನ್ನೇ ಕೇಳಿ. ಹ್ಯಾಂಡಲ್ ಒಂದು ಸುತ್ತಿಗೆ 5 ಡಿಗ್ರಿ. 24 ಹಲ್ಲಿನ ಗೇರಿಗೆ ಹಲ್ಲಿಗೆ ಮೂರೇ ಸುತ್ತು, 32 ಹಲ್ಲಿಗೆ ಎರಡೂ ಕಾಲು ಸುತ್ತು, ಡಿವೈಡಿಂಗ್ ಪ್ಲೇಟ್ (ಸುತ್ತನ್ನು ಸಮ ಭಾಗ ಮಾಡಲು ತೂತುಗಳಿರುವ ತಟ್ಟೆ) ಇಲ್ಲದೆಯೇ ಮುಗಿಯುತ್ತದೆ.