ಫೈಬರ್ ದೋಣಿಗೆ ಹೊಳಪು: ಕೈಯೋ, ಗ್ರೈಂಡರೋ, ಅಲುಗುವ ಮಷೀನೋ?

ಎರಡು ವರ್ಷದ ಹಿಂದೆ ಹದಿನಾರು ಅಡಿಯ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಗೊಂಡೆ. ಬಿಳಿ ಮೈ, ಅಂಚಿನುದ್ದಕ್ಕೂ ಗೇಣಗಲದ ನೀಲಿ ಪಟ್ಟಿ. ನೋಡಲು ಹೋದ ದಿನ ಆ ಪಟ್ಟಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಮನೆಗೆ ತಂದು ಎರಡು ಸಲ ಸೋಪು ನೀರಲ್ಲಿ ತೊಳೆದದ್ದೇ ತಡ, ನೀಲಿ ಹೋಗಿ ಹಳೇ ಸ್ಲೇಟಿನ ಬಣ್ಣ ಬಂತು. ಬೆರಳಲ್ಲಿ ಉಜ್ಜಿದರೆ ಸುಣ್ಣದಂಥ ಪುಡಿ. ಮಾರಿದವರು ಎಂಥದೋ ಎಣ್ಣೆ ಒರೆಸಿ ನಿಲ್ಲಿಸಿದ್ದರು. ಹಳೇ ದೋಣಿ ನೋಡಲು ಹೋಗುವವರು ಜೊತೆಗೊಂದು ಪಾತ್ರೆ ತೊಳೆಯುವ ಲಿಕ್ವಿಡ್ ಬಾಟಲಿ ಒಯ್ಯಿರಿ. ಒಂದು ಮೂಲೆ ತೊಳೆದು, ಒಣಗಲು ಬಿಟ್ಟು ನೋಡಿ. ಒದ್ದೆ ಇರುವಾಗ ಎಲ್ಲ ಫೈಬರೂ ಹೊಸದೇ.

ಆಮೇಲೆ ಹೊಳಪು ತರಿಸಲು ಮೂರು ದಾರಿ ಹಿಡಿದೆ: ಕೈಯಲ್ಲಿ ತಿಕ್ಕಿದೆ, ಗ್ರೈಂಡರಿಗೆ ಬಫಿಂಗ್ ಪ್ಯಾಡ್ ಸಿಕ್ಕಿಸಿದೆ, ಕೊನೆಗೆ ಅಲುಗುವ ಮಷೀನು, ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್, ಕೊಂಡೆ. ಗೆದ್ದದ್ದು ಕೊನೆಯದೇ. ಆದರೆ ಅದು ಕೊಟ್ಟಷ್ಟು ಕಿರಿಕಿರಿ ಉಳಿದೆರಡೂ ಸೇರಿ ಕೊಡಲಿಲ್ಲ.

ಮೊದಲು ಕೊಳೆ. ನಮ್ಮದು ಕುಂದಾಪುರದ ಹಿನ್ನೀರು, ಐದು ಹೊಳೆ ಬಂದು ಸೇರುವ ಜಾಗ. ಮಳೆಗಾಲ ಮುಗಿಯುವಷ್ಟರಲ್ಲಿ ನೀರು ಮುಟ್ಟುವ ಗೆರೆಯುದ್ದಕ್ಕೂ ಚಹಾ ಕಲೆಯಂಥ ಹಳದಿ ಮೀಸೆ, ಹಗ್ಗ ಕಟ್ಟುವ ಗೂಟದ ಬೋಲ್ಟುಗಳ ಕೆಳಗೆ ತುಕ್ಕಿನ ಗೆರೆ. ಇದಕ್ಕೆ ಇಲ್ಲಿನವರು ಹೇಳುವ ಮದ್ದು ಟಾಯ್ಲೆಟ್ ತೊಳೆಯುವ ಆ್ಯಸಿಡ್. ಕಲೆ ಹೋಗುತ್ತದೆ, ಅಂಟಿದ ಚಿಪ್ಪುಗಳೂ ನೊರೆ ಬಿಟ್ಟು ಸಡಿಲಾಗುತ್ತವೆ, ಸುಳ್ಳಲ್ಲ. ಆದರೆ ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಸ್ಟೀಲ್ ಬೋಲ್ಟನ್ನೂ ತಿನ್ನುತ್ತದೆ, ಮೂಗನ್ನೂ ಸುಡುತ್ತದೆ. ನನ್ನ ಆಯ್ಕೆ ಆಕ್ಸಾಲಿಕ್ ಆ್ಯಸಿಡ್ ಪುಡಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ, ಸ್ಪಂಜಿನಲ್ಲಿ ಸವರಿ ಹತ್ತು ನಿಮಿಷ, ಒಣಗಲು ಬಿಡದೆ ಧಾರಾಳ ನೀರು. ಅದೂ ವಿಷವೇ, ಗ್ಲೌಸು ಮತ್ತು ಕನ್ನಡಕ ಬೇಕೇ ಬೇಕು.

ಇದು ಗೊತ್ತಾದದ್ದು ಅಮ್ಮನಿಂದ. ದೀಪದ ಕಂಬಕ್ಕೆ ಬಿಂಬುಳಿ ತಿಕ್ಕುವುದನ್ನು ನೋಡಿ, ನಾಲ್ಕು ಕಾಯಿ ತಂದು ತುಕ್ಕಿನ ಗೆರೆಗೆ ಉಜ್ಜಿದ್ದೆ. ಮುಕ್ಕಾಲು ಗಂಟೆಯಲ್ಲಿ ಒಂದು ಗೆರೆ ಮಸುಕಾಯಿತು. ಬಿಂಬುಳಿಯಲ್ಲಿರುವುದೂ ಆಕ್ಸಾಲಿಕ್ ಆ್ಯಸಿಡ್ಡೇ. ಆದರೆ ಹದಿನಾರು ಅಡಿಗೆ ಬಿಂಬುಳಿ ತಿಕ್ಕುತ್ತ ಕೂತರೆ ಉಪ್ಪಿನಕಾಯಿಗೆ ಏನೂ ಉಳಿಯುವುದಿಲ್ಲ.

ಇನ್ನು ಹೊಳಪು. ಫೈಬರಿನ ಮೇಲಿರುವ ಬಣ್ಣದ ಪದರ ಪೇಂಟ್ ಅಲ್ಲ, ಜೆಲ್‌ಕೋಟ್. ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಬಿಸಿಲಿಗೆ ಅದರ ಮೇಲ್ಮೈಯ ರೆಸಿನ್ ಸತ್ತು, ಬಣ್ಣ ಪುಡಿಯಾಗಿ ನಿಲ್ಲುತ್ತದೆ. ಪಾಲಿಶ್ ಅಂದರೆ ಆ ಸತ್ತ ಪದರವನ್ನು ಕೆರೆದು ತೆಗೆಯುವುದು, ಅಷ್ಟೇ. ಕೆರೆದದ್ದು ವಾಪಸ್ ಬರುವುದಿಲ್ಲ. ಅದಕ್ಕೇ ಎಷ್ಟು ಹೊಳೆಯಿತು ಅನ್ನುವುದಕ್ಕಿಂತ ಎಷ್ಟು ಉಳಿಯಿತು ಅಂತ ನೋಡುವವನು ನಾನು. ಹೀಗೆ ಯೋಚಿಸಲು ಕಲಿತದ್ದು ದೋಣಿಯ ಮೂತಿ ಸುಟ್ಟ ಮೇಲೆ.

ಮನೆಯಲ್ಲಿ ನಾಲ್ಕಿಂಚಿನ ಗ್ರೈಂಡರ್ ಇತ್ತು. ಅದಕ್ಕೆ ಉಣ್ಣೆಯ ಪ್ಯಾಡ್ ಇನ್ನೂರು ರೂಪಾಯಿಗೆ ಸಿಕ್ಕಿತು. ರಬ್ಬಿಂಗ್ ಕಾಂಪೌಂಡ್, ಅಂದರೆ ಮೇಲ್ಮೈ ಕೆರೆದು ಹೊಳಪು ತರುವ ಪೇಸ್ಟ್, ಬಳಿದು ಹಿಡಿದೆ. ಚಪ್ಪಟೆ ಜಾಗದಲ್ಲಿ ಭರ್ಜರಿ ಹೊಳಪು, ಹತ್ತು ನಿಮಿಷಕ್ಕೆ ಒಂದು ಮೀಟರ್. ಖುಷಿಯಲ್ಲಿ ಮುಂದಿನ ಮೂತಿಗೆ ಬಂದೆ. ಆ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಪಾಲಿಶ್ ಕೆಲಸಕ್ಕೆ ಒಂದರಿಂದ ಎರಡು ಸಾವಿರ ಸಾಕು. ಏಣಿನ ಮೇಲೆ ಎಲ್ಲ ಭಾರವೂ ಒಂದೇ ಗೆರೆಗೆ ಬೀಳುತ್ತದೆ. ಸುಟ್ಟ ವಾಸನೆ ಬಂತು, ಎತ್ತಿದೆ. ಅಷ್ಟರಲ್ಲಿ ಬಿಳಿ ಹೋಗಿ, ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಹಸಿರುಮಿಶ್ರಿತ ಹಳದಿ ರೆಸಿನ್, ಅದರೊಳಗೆ ಗಾಜಿನ ಎಳೆ ಕಾಣುತ್ತಿತ್ತು. ಜೆಲ್‌ಕೋಟ್ ತಂದು ಹಾರ್ಡ್‌ನರ್ ಬೆರೆಸಿ ತುಂಬಿ, ವಾಟರ್ ಪೇಪರಿನಲ್ಲಿ ಒರಟಿನಿಂದ ನುಣುಪಿಗೆ 800, 1000, 1500 ನಂಬರ್ ಅಂತ ಉಜ್ಜಿ ಸಮ ಮಾಡಿದೆ. ಹೊಸ ಬಿಳಿಗೂ ಹಳೇ ಬಿಳಿಗೂ ತಾಳೆಯಾಗಲಿಲ್ಲ. ಇವತ್ತಿಗೂ ದೋಣಿ ಎದುರಿಂದ ಬಂದರೆ ನನ್ನ ಕಣ್ಣು ಹೋಗುವುದು ಅಲ್ಲಿಗೇ.

ಗ್ಯಾರೇಜಿನವರ ದೊಡ್ಡ ರೋಟರಿ ಮಷೀನು ಬೇರೆ. ಅದೂ ಅಲುಗದೆ ಬರೀ ತಿರುಗುವುದೇ, ಆದರೆ ಅದಕ್ಕೆ ವೇಗ ಇಳಿಸುವ ಗುಂಡಿ ಇದೆ. ಪಳಗಿದ ಕೈಯಾದರೆ ಅದೇ ಬೇಗ. ನನ್ನದು ವರ್ಷಕ್ಕೊಮ್ಮೆ ಹಿಡಿಯುವ ಕೈ. ಗ್ರೈಂಡರ್ ಹಿಡಿದ ನೀಲಿ ಪಟ್ಟಿಯ ತುಂಬ ಸುರುಳಿ ಗೆರೆ ಬಿದ್ದು ಬಿಸಿಲಲ್ಲಿ ಗ್ರಾಮಫೋನ್ ತಟ್ಟೆಯಂತೆ ಕಂಡಿತು.

ಕೈಯಲ್ಲಿ ತಿಕ್ಕುವುದರ ಬಗ್ಗೆ ಹೇಳುವುದು ಕಮ್ಮಿ. ಬನಿಯನ್ ಬಟ್ಟೆ, ಕಾಂಪೌಂಡ್, ಮೂರು ಬೆಳಗ್ಗೆ. ಒಂದು ಮಗ್ಗುಲು ಮುಗಿಯುವಾಗ ಭುಜ ಮುಗಿದಿತ್ತು. ಗೂಟದ ಸುತ್ತ, ಹಿಡಿಕೆಯ ಸಂದಿಗೆ ಈಗಲೂ ಕೈಯೇ.

ಮೂರನೇ ದಿನ ಪಕ್ಕದ ಮನೆಯ ಹಿರಿಯರು, ನಲವತ್ತು ವರ್ಷ ಬಲೆ ಬೀಸಿದವರು, ದಂಡೆಯಲ್ಲಿ ನಿಂತು ಕೇಳಿದರು: "ಹ್ವಾಯ್, ಎಂತ ಮಾರ್ರೆ, ದೋಣಿಗೆ ಮದಿ ಇತ್ತಾ?" ಮದುವೆ ಅಲ್ಲ, ಬರೀ ಸ್ನಾನ ಅಂದೆ. ಅವರ ಸಲಹೆ ಪೇಂಟ್ ಹೊಡೆಯುವುದು. ಮೀನಿನ ದೋಣಿಗೆ ಅದು ಸರಿಯೇ. ಆದರೆ ಒಮ್ಮೆ ಪೇಂಟ್ ಹೊಡೆದರೆ ಮರಳಿಗೆ ಎಳೆದಾಗ ಗೀರು, ಗೀರಿಗೆ ಮತ್ತೆ ಪೇಂಟು. ವರ್ಷ ವರ್ಷದ ಸಾಲ ಅದು.

ಈಗ ನನ್ನ ಮಷೀನು. ಡ್ಯುಯಲ್ ಆಕ್ಷನ್ ಅಂದರೆ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುತ್ತದೆ. ಭಾರ ಹೆಚ್ಚಾದರೆ ತಿರುಗುವುದು ತಾನಾಗಿ ನಿಂತು ಬರೀ ಅಲುಗಾಟ ಉಳಿಯುತ್ತದೆ. ಅದಕ್ಕೇ ಸುಡುವುದು ಕಷ್ಟ. ಆರೂವರೆ ಸಾವಿರ ಕೊಟ್ಟೆ. ಮೊದಲ ಬೆಳಗ್ಗೆ ಎರಡಡಿ ಚೌಕದ ಹಾಗೆ ಟೇಪ್ ಹಚ್ಚಿ ಶುರು ಮಾಡಿದೆ. ಫೋಮ್ ಪ್ಯಾಡು ನೀಲಿಯಾಯಿತು. ಅದೇ ಸತ್ತ ಬಣ್ಣ, ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಪ್ಯಾಡ್ ಹಾರುವುದಕ್ಕೆ. ಪ್ಯಾಡು ಮಷೀನಿನ ತಟ್ಟೆಗೆ ಅಂಟುವುದು ವೆಲ್ಕ್ರೋದಿಂದ. ಮೂರನೇ ಚೌಕದಲ್ಲಿ 'ಫಟ್' ಅಂತ ಸದ್ದು. ಪ್ಯಾಡು ನನ್ನ ಕಿವಿಯ ಪಕ್ಕದಿಂದ ಹಾರಿ ತೆಂಗಿನ ಬುಡಕ್ಕೆ ಬಿತ್ತು. ಮರಳು ಮೆತ್ತಿದ ಪ್ಯಾಡು ಅಂದರೆ ಸ್ಯಾಂಡ್ ಪೇಪರ್ರೇ, ಮತ್ತೆ ದೋಣಿಗೆ ತಾಗಿಸುವ ಹಾಗಿಲ್ಲ. ಎರಡನೆಯದು ನೀರಿಗೇ ಹೋಯಿತು. ಇಳಿತದ ಹೊತ್ತು, ಅಳಿವೆ ಕಡೆ ತೇಲುತ್ತ ಹೊರಟದ್ದನ್ನು ಆ ಹಿರಿಯರೇ ಕೋಲಿನಲ್ಲಿ ಎಳೆದು ಕೊಟ್ಟರು. ಏನೂ ಹೇಳಲಿಲ್ಲ, ನಕ್ಕರು.

ತಪ್ಪು ಮಷೀನಿನದು ಅಂದುಕೊಂಡು ಅಂಗಡಿಯವರ ಜೊತೆ ಜಗಳಕ್ಕೂ ನಿಂತೆ. ಅರ್ಧ ತಪ್ಪು ನನ್ನದೇ. ಬೇಗ ಆಗಲಿ ಅಂತ ಮೈಭಾರ ಹಾಕಿ ಒತ್ತುತ್ತಿದ್ದೆ. ಒತ್ತಿದಾಗ ಪ್ಯಾಡ್ ತಿರುಗದೆ ಒಂದೇ ಕಡೆ ಅಲುಗಿ, ಶಾಖವೆಲ್ಲ ವೆಲ್ಕ್ರೋಗೆ ಹೋಗಿ ಅದರ ಕೊಕ್ಕೆ ಮೆತ್ತಗಾಗುತ್ತದೆ. ಅದರ ಮೇಲೆ ನಮ್ಮ ಅಕ್ಟೋಬರ್ ಬಿಸಿಲು. ಕಾಂಪೌಂಡನ್ನೂ ಪ್ಯಾಡು ನೆನೆಯುವಷ್ಟು ಸುರಿಯುತ್ತಿದ್ದೆ.

ಈಗ ತಟ್ಟೆಯ ಬದಿಗೆ ಮಾರ್ಕರಿನಲ್ಲಿ ಒಂದು ಕಪ್ಪು ಗೆರೆ ಎಳೆದಿದ್ದೇನೆ. ಓಡುವಾಗ ಗೆರೆ ಸುತ್ತುತ್ತಿದ್ದರೆ ಸರಿ. ಒಂದೇ ಕಡೆ ನಡುಗುತ್ತಿದ್ದರೆ ಒತ್ತು ಜಾಸ್ತಿಯಾಯಿತು. ಕಾಂಪೌಂಡ್ ಕಡಲೆಕಾಳಿನಷ್ಟು ನಾಲ್ಕು ಬೊಟ್ಟು. ಎರಡು ಚೌಕಕ್ಕೊಮ್ಮೆ ಪ್ಯಾಡ್ ಬದಲು, ಬಿಸಿಯಾದದ್ದು ನೆರಳಿಗೆ. ಕೆಲಸ ಮುಗಿದ ಮೇಲೆ ಪ್ಯಾಡನ್ನು ಮಷೀನಿನಲ್ಲೇ ಬಿಡುವುದಿಲ್ಲ. ಆರೂವರೆಗೆ ಶುರು, ಹತ್ತಕ್ಕೆ ಬಂದ್. ಬಿಸಿ ಮೈಮೇಲೆ ಕಾಂಪೌಂಡ್ ಒಣಗಿ ಸಿಮೆಂಟಿನಂತೆ ಕೂರುತ್ತದೆ. ನೆರಳು ಅಂತ ತೆಂಗಿನಮರದಡಿ ನಿಲ್ಲಿಸಬೇಡಿ, ಹೆಡೆಮಟ್ಟೆ ಬಿದ್ದರೆ ಪಾಲಿಶ್ ಅಲ್ಲ, ರಿಪೇರಿ.

ಕರೆಂಟಿನ ವೈರು ನೀರಿನ ಹತ್ತಿರ ಎಳೆಯುವವರು ಕರೆಂಟ್ ಸೋರಿದ ಕ್ಷಣದಲ್ಲೇ ಲೈನ್ ಕಟ್ ಮಾಡುವ ಆರ್‌ಸಿಸಿಬಿ ಇರುವ ಲೈನಿನಿಂದಲೇ ತಗೊಳ್ಳಿ. ದೋಣಿ ಪೂರ್ತಿ ದಂಡೆಯ ಮೇಲಿರಲಿ.

ಕೊನೆಗೆ ಮೇಣ. ಕಾರಿಗೆ ಹಚ್ಚುವ ಕಾರ್ನೌಬಾ ಪೇಸ್ಟ್ ನನ್ನ ದೋಣಿಯಲ್ಲಿ ಎರಡೂವರೆ ತಿಂಗಳು ನಿಂತಿತು, ಪಾಲಿಮರ್ ಸೀಲಂಟ್ ಐದು ತಿಂಗಳು. ನೀರು ಮಣಿ ಕಟ್ಟುವುದು ನಿಂತರೆ ಮುಗಿಯಿತು ಅಂತ ಲೆಕ್ಕ. ಸೀಲಂಟೇ ನನಗೆ ಸರಿ, ಪದೇ ಪದೇ ಹಚ್ಚಲು ಸೋಮಾರಿತನ. ಸಿಲಿಕೋನ್ ಸ್ಪ್ರೇ ಬೇಡ. ಮುಂದೆ ಜೆಲ್‌ಕೋಟ್ ತೇಪೆ ಹಾಕಬೇಕಾದರೆ ಅದು ಹಿಡಿಯುವುದಿಲ್ಲ. ಕಾಲಿಡುವ ಚುಕ್ಕಿ ಅಚ್ಚಿನ ನೆಲಕ್ಕೆ ಯಾವ ಮೇಣವೂ ಬೇಡ, ಜಾರಿ ಬೀಳುತ್ತೀರಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಗಂಗೊಳ್ಳಿ, ಮಲ್ಪೆಯ ಬೋಟುಗಳೆಲ್ಲ ದಡದಲ್ಲಿರುವ ಕಾಲ. ಫೈಬರ್ ಕೆಲಸದವರು ಆಗ ಕೈಗೆ ಸಿಗುವುದಿಲ್ಲ, ಮಳೆಯಲ್ಲಿ ಪಾಲಿಶೂ ಆಗುವುದಿಲ್ಲ. ನಾನು ಮೇನಲ್ಲಿ ತೊಳೆದು ಸೀಲಂಟ್ ಹಚ್ಚಿ ಟಾರ್ಪಾಲ್ ಹೊದಿಸುತ್ತೇನೆ, ಮಷೀನು ಹಿಡಿಯುವುದು ಅಕ್ಟೋಬರಿನಲ್ಲಿ ಮಾತ್ರ. ಈ ಸಲ ಇಡೀ ದೋಣಿಗೆ ಎರಡೇ ಬೆಳಗ್ಗೆ ಸಾಕಾಯಿತು.

ಹತ್ತು ಅಡಿಯ ಪುಟ್ಟ ದೋಣಿಯಿದ್ದರೆ ಕೈಯಲ್ಲೇ ಮಾಡಿ, ಆರೂವರೆ ಸಾವಿರ ಉಳಿಸಿ. ಮೂರ್ನಾಲ್ಕು ದೋಣಿ ಇಟ್ಟು ಪ್ರವಾಸಿಗರನ್ನು ಸುತ್ತಿಸುವವರು ರೋಟರಿ ಪಳಗಿಸಿಕೊಳ್ಳಿ. ನನ್ನ ಹಾಗೆ ಒಂದೇ ದೋಣಿ, ಅವಸರವಿಲ್ಲದ ಬೆಳಗ್ಗೆ, ಒಮ್ಮೆ ಸುಟ್ಟ ನೆನಪು ಇರುವವರು ಅಲುಗುವ ಮಷೀನೇ ತಗೊಳ್ಳಿ. ಆದರೆ ದುಡ್ಡು ಎಣಿಸುವ ಮೊದಲು ಅಂಗಡಿಯವರಲ್ಲಿ ಒಂದು ಮಾತು ಕೇಳಿ: ವೆಲ್ಕ್ರೋ ತಟ್ಟೆ ಬಿಡಿಯಾಗಿ ಸಿಗುತ್ತದಾ? ನನ್ನದು ಕೊರಿಯರಿನಲ್ಲಿ ಬರಲು ಹದಿನೆಂಟು ದಿನ ಹಿಡಿಯಿತು. ಅಷ್ಟೂ ದಿನ ದೋಣಿ ಅರ್ಧ ಹೊಳೆಯುತ್ತ, ಅರ್ಧ ಬೂದಿ ಬಳಿದುಕೊಂಡು ದಂಡೆಯಲ್ಲಿ ಕೂತಿತ್ತು.