ಹಿತ್ತಲ ತರಕಾರಿಗೊಂದು ಬಲೆಮನೆ: ಎರಡು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಸಾಗರ ತಾಲ್ಲೂಕಿನ ನಮ್ಮ ಮನೆಯ ಹಿತ್ತಲಿನಲ್ಲಿ, ಅಡಿಕೆ ತೋಟದ ಅಂಚಿಗೆ ತಾಗಿದಂತೆ, 30 ಅಡಿ ಉದ್ದ ಮತ್ತು 20 ಅಡಿ ಅಗಲದ ಬಲೆಮನೆಯೊಂದನ್ನು ಕಟ್ಟಿಸಿ ಎರಡು ಮಳೆಗಾಲಗಳೂ ಎರಡು ಬೇಸಿಗೆಗಳೂ ಕಳೆದಿವೆ. ಪೈಪು, ಬಲೆ, ಬಾಗಿಲು, ಜೋಡಣೆಯ ಕೂಲಿ ಎಲ್ಲವನ್ನೂ ಸೇರಿಸಿ ಕೃಷಿ ಪರಿಕರಗಳ ಅಂಗಡಿಯೊಂದು ಇದನ್ನು ಗುತ್ತಿಗೆಯಾಗಿ ಮಾಡಿಕೊಟ್ಟಿತು. ನಾವು ತೆತ್ತದ್ದು 48,000 ರೂಪಾಯಿ. ಮನೆಬಳಕೆಯ ತರಕಾರಿಗೆ ಇಷ್ಟೊಂದು ಹಣ ಸುರಿಯಬೇಕೇ ಎಂದು ಕೇಳಿದವರು ಹಲವರು. ತಾವೂ ಇಂಥದ್ದನ್ನೇ ಕಟ್ಟಿಸಬಹುದೇ ಎಂದು ವಿಚಾರಿಸಿದವರು ಅವರಿಗಿಂತ ಹೆಚ್ಚು. ಪ್ರಾಣಿಗಳ ಕಾಟದ ಮಟ್ಟಿಗೆ ಇದು ಕೊಟ್ಟ ಹಣಕ್ಕೆ ತಕ್ಕ ವಸ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಇದು ಬಯಲುಸೀಮೆಯ ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸ. ಮಲೆನಾಡಿಗೆ ತರುವವರು ಇದರ ಮಾಡನ್ನೂ ತಮ್ಮ ಬಿತ್ತನೆಯ ಲೆಕ್ಕಾಚಾರವನ್ನೂ ಬದಲಿಸಿಕೊಳ್ಳದೆ ಗತ್ಯಂತರವಿಲ್ಲ.

ಬಲೆಮನೆಗೆ ಮೊದಲು ನಾವು ಮಾಡದ ಉಪಾಯವಿಲ್ಲ. ಬೆರ್ಚಪ್ಪನನ್ನು ನಿಲ್ಲಿಸಿದೆವು, ಮೂರನೆಯ ದಿನಕ್ಕೆ ಮಂಗವೊಂದು ಅದರ ಹೆಗಲ ಮೇಲೆಯೇ ಕುಳಿತು ಸೌತೆಯ ಮಿಡಿ ಕಡಿಯುತ್ತಿತ್ತು. ಪಟಾಕಿ, ಕವಣೆ, ಹಳೆಯ ಸಿ.ಡಿ.ಗಳ ತೋರಣ, ಎಲ್ಲದರ ಹೆದರಿಕೆಯೂ ಒಂದು ವಾರದ್ದು. ಮಲೆನಾಡಿನ ಕೃಷಿಕರೊಬ್ಬರು ತಮ್ಮ ನಾಯಿಯ ಮೈಮೇಲೆ ಹುಲಿಪಟ್ಟೆ ಬಳಿದು ಮಂಗಗಳನ್ನು ಓಡಿಸಿದ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ನಾಯಿ ಬಣ್ಣ ಬಳಿಸಿಕೊಳ್ಳುವಷ್ಟು ಹೊತ್ತು ಒಂದೆಡೆ ನಿಲ್ಲುವ ಜಾತಿಯದಲ್ಲ. ವಿಷವಿಡುವುದು, ಗುಂಡು ಹಾರಿಸುವುದು ಕಾನೂನಿಗೆ ವಿರುದ್ಧ ಎಂಬುದಿರಲಿ, ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಕಂಡುಂಡ ಸೀಮೆ ನಮ್ಮದು; ಸತ್ತ ಮಂಗದ ಮೈಯಿಂದ ಉದುರುವ ಉಣುಗುಗಳ ಭಯ ಗೊತ್ತಿರುವವರು ಹಿತ್ತಲ ಹತ್ತಿರ ಮಂಗ ಸಾಯಲೆಂದು ಎಂದೂ ಬಯಸುವುದಿಲ್ಲ. ಹೀಗಾಗಿ, ಅವುಗಳನ್ನು ಓಡಿಸುವ ಯೋಚನೆ ಬಿಟ್ಟು ತರಕಾರಿಯನ್ನೇ ಪಂಜರದಲ್ಲಿಡುವ ತೀರ್ಮಾನಕ್ಕೆ ಬಂದೆವು.

ಅಂಗಡಿಯವರು ಕೊಟ್ಟದ್ದು ಇಷ್ಟು: 10 ಅಡಿಗೊಂದರಂತೆ ಜಿ.ಐ. ಪೈಪಿನ ಕಂಬಗಳು, 2 ಅಡಿ ಆಳಕ್ಕೆ ಕಾಂಕ್ರೀಟು ಹಾಕಿ ಹೂತದ್ದು. ಸುತ್ತಲೂ 40 ಮೆಷ್‌ನ ಬಿಳಿಯ ಕೀಟಬಲೆ, ಅಂದರೆ ಒಂದು ಇಂಚಿನಲ್ಲಿ 40 ಕಣ್ಣುಗಳಿರುವ ಬಲೆ. ಮೇಲೆ ಅರ್ಧದಷ್ಟು ಬೆಳಕನ್ನು ತಡೆಯುವ ಶೇ 50ರ ಹಸಿರು ನೆರಳುಬಲೆ, ಸಮತಟ್ಟಾಗಿ ಎಳೆದು ಬಿಗಿದದ್ದು. ಮೂವರು ಕೆಲಸಗಾರರು ಎರಡು ದಿನದಲ್ಲಿ ಮುಗಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು, ಜಂಬಿಟ್ಟಿಗೆಯ ನೆಲದಲ್ಲಿ ಗುಂಡಿ ತೋಡುವಾಗಲೂ ಅವರು ಆಳದಲ್ಲಿ ಕಳ್ಳತನ ಮಾಡಲಿಲ್ಲ, ಕಂಬಗಳು ಇಂದಿಗೂ ಅಲುಗಿಲ್ಲ. ಮಾಡು ಇಷ್ಟು ಚಪ್ಪಟೆಯಾಗಿದ್ದರೆ ನಮ್ಮ ಮಳೆಗೆ ಆದೀತೇ ಎಂದು ಕೇಳಿದಾಗ, "ಕಡೂರು ಕಡೆ ಇದೇ ಡಿಸೈನ್ ಹಾಕಿದೀವಿ ಅಮ್ಮಾ, ಒಂದು ಕಂಪ್ಲೇಂಟೂ ಬಂದಿಲ್ಲ" ಎಂಬ ಉತ್ತರ ಬಂತು. ಕಡೂರಿನವರು ಮಳೆ ಬಂದರೆ ಸಾಕೆಂದು ಕಾಯುವವರು, ಅವರೇಕೆ ದೂರುತ್ತಾರೆ ಎಂದು ಆಗಲೇ ಹೊಳೆಯಬೇಕಿತ್ತು.

ಮೊದಲು ಪ್ರಾಣಿಗಳ ವಿಷಯ. ಬಲೆ ಬಿಗಿದ ಮರುದಿನವೇ ಮಂಗಗಳ ಹಿಂಡು ಪರೀಕ್ಷೆಗೆ ಬಂತು. ದೊಡ್ಡದೊಂದು ಕೊಟ್ಟಿಗೆಯ ಮಾಡಿನಿಂದ ನೆರಳುಬಲೆಯ ಮೇಲೆ ಹಾರಿತು, ಬಲೆ ಅದನ್ನು ಎತ್ತಿ ಒಗೆಯಿತು, ಅದಕ್ಕೆ ಅದು ಆಟವಾಗಿ ಕಂಡು ಅರ್ಧ ಗಂಟೆ ಮರಿಗಳೆಲ್ಲ ಸೇರಿ ಕುಣಿದವು, ಬಲೆ ಹರಿಯಲಿಲ್ಲ. ಹರಿದದ್ದು ಹದಿನೈದು ದಿನಗಳ ನಂತರ, ಅದೂ ನಡುವೆಯಲ್ಲ, ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಪೈಪಿಗೆ ಸಿಕ್ಕಿಸಿದ್ದ ಮೂಲೆಯಲ್ಲಿ. ಕ್ಲಿಪ್ಪೊಂದು ಬಿಸಿಲಿಗೆ ಸೀಳಿ ಬಿದ್ದಿತ್ತು, ಆ ಸಂದಿಗೆ ಕೈಬೆರಳು ತೂರಿಸಿ, ಹಲ್ಲಿನಿಂದ ಎಳೆದು, ಒಂದು ಮರಿ ಒಳಗಿಳಿಯುವಷ್ಟು ಜಾಗ ಮಾಡಿಕೊಂಡಿದ್ದವು. ಆಮೇಲೆ ನಾವು ಕ್ಲಿಪ್ಪುಗಳನ್ನು ಪೂರ್ತಿ ತೆಗೆಸಿ, ಪೈಪಿನುದ್ದಕ್ಕೂ ತಗಡಿನ ಚಾನೆಲ್ ಕೂರಿಸಿ, ಬಲೆಯನ್ನು ಅದರೊಳಗೆ ಅಂಕುಡೊಂಕಿನ ಸ್ಪ್ರಿಂಗ್ ತಂತಿಯಿಂದ ಬಿಗಿಸಿದೆವು. ಹಿಡಿತ ಒಂದು ಬಿಂದುವಿನ ಮೇಲೆ ಬೀಳದೆ ಉದ್ದಕ್ಕೂ ಹಂಚಿಹೋಗುವುದರಿಂದ ಅಂದಿನಿಂದ ಮೂಲೆ ಬಿಟ್ಟಿಲ್ಲ. ಚಾನೆಲ್ಲು ಗುತ್ತಿಗೆಯಲ್ಲೇ ಇರಬೇಕಾಗಿದ್ದ ವಸ್ತು, ಹೆಚ್ಚುವರಿ ಎಂದು ಕೇಳಿ ಪಡೆಯಬೇಕಾಗಿ ಬಂದದ್ದು ನನ್ನ ಮೊದಲ ತಕರಾರು.

ಎರಡನೆಯದು ನೆಲಮಟ್ಟದ್ದು. ಕೀಟಬಲೆ ಮಂಗನನ್ನು ತಡೆದೀತು, ಮುಳ್ಳುಹಂದಿಯನ್ನಾಗಲಿ ಹೆಗ್ಗಣವನ್ನಾಗಲಿ ತಡೆಯುವುದಿಲ್ಲ. ಗೆಣಸಿನ ಮಡಿಗೆ ಮುಳ್ಳುಹಂದಿ ಬಂದ ರಾತ್ರಿ ಅದು ಬಲೆಯನ್ನು ಕಡಿಯುವ ಗೋಜಿಗೂ ಹೋಗಲಿಲ್ಲ. ಅಡಿಯ ಮಣ್ಣು ಕೆದರಿ ನುಸುಳಿತು, ಬೆಳಿಗ್ಗೆ ನಮಗೆ ಸಿಕ್ಕಿದ್ದು ಬಳ್ಳಿಯ ತುಂಡುಗಳು ಮತ್ತು ಎರಡು ಮುಳ್ಳು. ಈಗ ಸುತ್ತಲೂ 3 ಅಡಿ ಎತ್ತರಕ್ಕೆ ತಂತಿಯ ಚೈನ್‌ಲಿಂಕ್ ಜಾಲರಿ ಇದೆ, ಇನ್ನೊಂದು ಅಡಿ ಮಣ್ಣಿನೊಳಗೆ ಇಳಿದಿದೆ. ನವಿಲು, ಕಾಡುಕೋಳಿ, ಮೊಲಗಳ ಬಗ್ಗೆ ಬರೆಯುವುದೇನೂ ಉಳಿದಿಲ್ಲ. ಅವು ಬೇಲಿಯ ಹೊರಗೆ ಒಂದು ಸುತ್ತು ಬಂದು ಹೋಗುತ್ತವೆ.

ಮಳೆಯ ಕತೆ ಬೇರೆ. ಮೊದಲ ವರ್ಷ ಅಂಗಡಿಯವರು ಕಟ್ಟಿಕೊಟ್ಟಂತೆಯೇ ನೆರಳುಬಲೆಯ ಕೆಳಗೆ ರೋಹಿಣಿಯಲ್ಲಿ ಬೀಜ ಹಾಕಿದೆವು. ಆರಿದ್ರಾ ಹಿಡಿದ ಮೇಲೆ ಮೂರು ವಾರ ಸೂರ್ಯನ ಮುಖ ಕಾಣಲಿಲ್ಲ. ಮೋಡವೇ ಬೆಳಕನ್ನು ನುಂಗಿರುವಾಗ ಉಳಿದುದರಲ್ಲಿ ಅರ್ಧವನ್ನು ಬಲೆ ನುಂಗಿತು. ಬೆಂಡೆ ಗಿಡಗಳು ಬೆಳಕು ಹುಡುಕುತ್ತಾ ದಾರದಂತೆ ಸಪೂರವಾಗಿ ಮೇಲೆದ್ದು, ಹೂ ಬಿಡುವ ಮೊದಲೇ ಒಂದರ ಮೇಲೊಂದು ಒರಗಿದವು. ನೆರಳುಬಲೆ ಮಳೆಯನ್ನು ತಡೆಯುತ್ತದೆ ಎಂಬ ಭ್ರಮೆ ನನಗಿತ್ತು. ಅದು ತಡೆಯುವುದಿಲ್ಲ, ಸಣ್ಣ ಹನಿಗಳನ್ನು ತನ್ನ ಎಳೆಗಳಲ್ಲಿ ಕೂಡಿಸಿ ದಪ್ಪ ಹನಿಗಳನ್ನಾಗಿ ಮಾಡಿ ಒಂದೇ ಜಾಗದ ಮೇಲೆ ಸುರಿಸುತ್ತದೆ. ಹರಿವೆಯ ಮಡಿಯಲ್ಲಿ ಹನಿ ಬಿದ್ದಲ್ಲೆಲ್ಲ ನಾಣ್ಯದಗಲದ ಗುಳಿ ಬಿದ್ದು, ಮಣ್ಣು ಸಿಡಿದು ಎಲೆಯಡಿಗೆ ಮೆತ್ತಿಕೊಂಡು, ಎಲೆಗಳು ಕೆಳಗಿನಿಂದ ಕೊಳೆಯುತ್ತಾ ಬಂದವು.

ಪುನರ್ವಸುವಿನ ಹೊತ್ತಿಗೆ ನೆರಳುಬಲೆಯನ್ನು ಸುತ್ತಿಟ್ಟು, ಬಿಸಿಲಿಗೆ ಬೇಗ ಹಾಳಾಗದ 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆಯನ್ನು ತರಿಸಿ ಅದೇ ಚಪ್ಪಟೆ ಚೌಕಟ್ಟಿನ ಮೇಲೆ ಹಾಸಿದೆವು. ಒಂದೇ ರಾತ್ರಿಯ ಮಳೆಗೆ ಹಾಳೆ ಎಮ್ಮೆಯ ಹೊಟ್ಟೆಯಂತೆ ಜೋಲುಬಿತ್ತು, ಕೋಲಿನಿಂದ ಒತ್ತಿ ನೀರು ಚೆಲ್ಲುತ್ತಿರುವಾಗಲೇ ಒಂದು ಬದಿ ಹರಿದು ಕೊಡಗಟ್ಟಲೆ ನೀರು ಮೆಣಸಿನ ಸಸಿಗಳ ಮೇಲೆ ಸುರಿಯಿತು. ಅಂಗಡಿಗೆ ಫೋನ್ ಮಾಡಿದಾಗ, ಹಾಳೆ ತಮ್ಮ ಗುತ್ತಿಗೆಗೆ ಸೇರಿದ್ದಲ್ಲ ಎಂದರು. ಕಾಗದದ ಪ್ರಕಾರ ಅವರ ಮಾತು ಸರಿಯೇ. ಕೊನೆಗೆ ಪರಿಹಾರ ಬಂದದ್ದು ನಮ್ಮದೇ ತೋಟದಿಂದ. ಮುರಿದುಬಿದ್ದಿದ್ದ ಅಡಿಕೆ ಮರಗಳನ್ನು ಸೀಳಿ ದಬ್ಬೆ ಮಾಡಿಸಿ, ನಡುವಿನ ಸಾಲಿನ ಕಂಬಗಳ ಮೇಲೆ 3 ಅಡಿ ಎತ್ತರಿಸಿ ತೊಲೆಯೊಂದನ್ನು ಕೂರಿಸಿ, ಎರಡೂ ಕಡೆಗೆ ಮನೆಯ ಮಾಡಿನಂತೆ ಇಳಿಜಾರು ಕೊಟ್ಟು, ಅದರ ಮೇಲೆ ಹಾಳೆ ಎಳೆಸಿದೆವು. ಎರಡೂ ತುದಿಯ ತ್ರಿಕೋನಗಳಿಗೆ ಗಾಳಿಯಾಡಲೆಂದು ಕೀಟಬಲೆಯನ್ನೇ ಹಾಕಿದೆವು. ಹಾಳೆ, ಚಾನೆಲ್ಲು, ಚೈನ್‌ಲಿಂಕ್, ಕೂಲಿ ಸೇರಿ ಇನ್ನೂ 21,000 ರೂಪಾಯಿ ಹಿಡಿಯಿತು. ಎರಡನೆಯ ಮಳೆಗಾಲದಲ್ಲಿ ಹಾಳೆಯ ಮೇಲೆ ಒಂದು ಚೊಂಬು ನೀರೂ ನಿಲ್ಲಲಿಲ್ಲ. ಫೆಬ್ರುವರಿಯಿಂದ ಮೇ ಮಧ್ಯದವರೆಗೆ ಹಾಳೆ ತೆಗೆದು ಹಸಿರು ಬಲೆ ಹಾಕುತ್ತೇವೆ. ಆ ತಿಂಗಳುಗಳಲ್ಲಿ ಅದರ ಕೆಳಗೆ ಕೊತ್ತಂಬರಿ, ಮೆಂತ್ಯ, ಪಾಲಕ್ ಬಾಡದೆ ಬರುವುದನ್ನು ನೋಡಿದರೆ, ನೆರಳುಬಲೆ ಕೆಟ್ಟ ವಸ್ತುವಲ್ಲ, ನಾವು ಬಳಸಿದ ಕಾಲ ತಪ್ಪು ಎಂಬುದು ತಿಳಿಯುತ್ತದೆ.

ಇನ್ನು ಯಾರೂ ಮುಂಚಿತವಾಗಿ ಹೇಳದೆ ಹೋದ ಸಂಗತಿಯೊಂದಿದೆ. ಬಿಳಿನೊಣವನ್ನೂ ಹಣ್ಣುನೊಣವನ್ನೂ ಹೊರಗಿಡುವ 40 ಮೆಷ್‌ನ ಬಲೆ ಜೇನನ್ನೂ ಹೊರಗಿಡುತ್ತದೆ. ಮೊದಲ ವರ್ಷ ಹೀರೆಬಳ್ಳಿ ಚಪ್ಪರ ತುಂಬ ಹೂ ಬಿಟ್ಟಿತು. ಹೆಣ್ಣು ಹೂವಿನ ಬುಡದ ಬೆರಳುದ್ದದ ಮಿಡಿಗಳು ಮಾತ್ರ ಒಂದೊಂದಾಗಿ ಹಳದಿಗಟ್ಟಿ ಉದುರಿದವು. "ಬಲೆ ಕಟ್ಟಿದ್ದು ಮಂಗಕ್ಕೋ, ಜೇನಿಗೋ?" ಎಂದು ನಮ್ಮ ಅತ್ತೆ ಕೇಳಿದ ಮೇಲೆಯೇ ನನಗೆ ಕಾರಣ ಹೊಳೆದದ್ದು. ಹೀರೆ, ಸೌತೆ, ಹಾಗಲ, ಪಡವಲಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಡುವೆ ಓಡಾಡುವವರಿಲ್ಲದಿದ್ದರೆ ಕಾಯಿಲ್ಲ. ಕೈಯಿಂದ ಪರಾಗ ಮುಟ್ಟಿಸಲು ಬೆಳಿಗ್ಗೆ ಹೋದರೆ ಹೀರೆಯ ಹೂಗಳು ಮುದುಡಿರುತ್ತಿದ್ದವು, ಏಕೆಂದರೆ ಸೌತೆ ಮತ್ತು ಹಾಗಲ ಅರಳುವುದು ಬೆಳಿಗ್ಗೆ, ಹೀರೆ ಅರಳುವುದು ಸಂಜೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಟಾರ್ಚು ಹಿಡಿದು, ಗಂಡು ಹೂವನ್ನು ಕಿತ್ತು, ಎಸಳು ಮಡಚಿ, ಹೆಣ್ಣು ಹೂವಿನ ನಡುವಿಗೆ ಎರಡು ಬಾರಿ ಸವರುವುದು ಒಂದು ವಾರದ ಮಟ್ಟಿಗೆ ಚೆನ್ನಾಗಿಯೇ ಇತ್ತು. ಚೌತಿಯ ಫಲಾವಳಿಗೆ ಬೇಕಾದಷ್ಟು ಕಾಯಿ ಹಾಗೆ ಬಂತು. ಪ್ರತಿ ವರ್ಷ ಮಾಡುವ ಕೆಲಸ ಅದಲ್ಲ.

ಹಾಗಾಗಿ ಎರಡನೆಯ ವರ್ಷ ಯಾವುದು ಒಳಗೆ, ಯಾವುದು ಹೊರಗೆ ಎಂದು ಮೊದಲೇ ಬರೆದಿಟ್ಟುಕೊಂಡೆವು. ತನ್ನ ಹೂವಿನಲ್ಲಿಯೇ ಕಾಯಿ ಕಚ್ಚುವ ಬೆಂಡೆ, ಟೊಮೆಟೊ, ಬದನೆ, ಮೆಣಸು, ಅಳಸಂದೆ ಮತ್ತು ಎಲ್ಲ ಸೊಪ್ಪುಗಳು ಒಳಗೆ, ಒಂದು ಅಡಿ ಎತ್ತರದ ಏರುಮಡಿಗಳಲ್ಲಿ, ನಡುವೆ ಬಸಿಗಾಲುವೆ. ಬೆಂಡೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ಹಾಕಿದ್ದೆ. ಎಲೆಯ ನರಗಳು ಹಳದಿಯಾಗುವ ನಂಜುರೋಗವನ್ನು ಹರಡುವುದು ಬಿಳಿನೊಣವೇ ಆದ್ದರಿಂದ ತಳಿಯ ಗುಣವೂ ಬಲೆಯ ತಡೆಯೂ ಜೊತೆಗೂಡಿದವು. ಟೊಮೆಟೊ ಮಾತ್ರ ಮೊದಲ ವರ್ಷ ಹಸಿರಿರುವಾಗಲೇ ಸೊರಗಿ ಸತ್ತಿತ್ತು. ಸತ್ತ ಗಿಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಾಗ ತುದಿಯಿಂದ ಹಾಲಿನಂಥ ಎಳೆ ಕೆಳಗಿಳಿಯಿತು. ದುಂಡಾಣುವಿನ ಸೊರಗು ರೋಗದ ಗುರುತು ಅದು, ಮಣ್ಣಿನಲ್ಲಿ ಇರುವಂಥದ್ದು, ಬಲೆಗೂ ಹಾಳೆಗೂ ಬಗ್ಗುವುದಲ್ಲ. ಮರುವರ್ಷ ಆ ರೋಗವನ್ನು ತಡೆದುಕೊಳ್ಳುವ ಅದೇ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನು ಬೇರೆ ಮಡಿಯಲ್ಲಿ ನೆಟ್ಟೆ, ಎಂಟು ಗಿಡಗಳೂ ದಸರೆಯವರೆಗೆ ನಿಂತವು.

ಬಳ್ಳಿ ತರಕಾರಿಗಳು ಈಗ ಹೊರಗಿನ ಚಪ್ಪರದಲ್ಲಿವೆ, ಜೇನು ಬರುವಷ್ಟು ದೊಡ್ಡ ಕಣ್ಣಿನ ಬಲೆಯೊಳಗೆ. ಮೊದಲು ಅದಕ್ಕೆ ಕರಾವಳಿಯಿಂದ ಬರುವ ಹಳೆಯ ಮೀನುಬಲೆಯನ್ನು ಅಗ್ಗವೆಂದು ತಂದು ಸಡಿಲವಾಗಿ ನೆಲದವರೆಗೂ ಇಳಿಬಿಟ್ಟಿದ್ದೆವು. ಒಂದು ಬೆಳಿಗ್ಗೆ ಅದರಲ್ಲಿ ಮಾರುದ್ದದ ಕೇರೆ ಹಾವು ಸಿಕ್ಕಿಕೊಂಡಿತ್ತು. ಮುಂದಕ್ಕೆ ನುಗ್ಗಿದಷ್ಟೂ ನೈಲಾನ್ ಎಳೆ ಹುರುಪೆಯ ಕೆಳಗೆ ಇಳಿದು ಕತ್ತಿನ ಬಳಿ ಚರ್ಮ ಕತ್ತರಿಸಿತ್ತು. ತಲೆಯ ಮೇಲೆ ಗೋಣಿ ಹಾಕಿ ಹಿಡಿದು, ಹೊಲಿಗೆಯ ಸಣ್ಣ ಕತ್ತರಿಯಿಂದ ಒಂದೊಂದೇ ಕಣ್ಣು ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಹೆಗ್ಗಣ ಹಿಡಿಯುವ ಪ್ರಾಣಿಯನ್ನು ಹೆಗ್ಗಣದ ಭಯಕ್ಕೆ ಕಟ್ಟಿದ ಬಲೆಯಲ್ಲಿ ಕೊಲ್ಲುವುದು ಯಾವ ನ್ಯಾಯ? ಈಗ ಬಲೆಯನ್ನು ಬಿಗಿಯಾಗಿ ಎಳೆದು, ನೆಲದಿಂದ ಎರಡು ಅಡಿ ಮೇಲೆಯೇ ನಿಲ್ಲಿಸಿ, ಕೆಳಗೆ ದಬ್ಬೆಯ ಬೇಲಿ ಕಟ್ಟಿದ್ದೇವೆ. ಅಲ್ಲಿ ಮಂಗಗಳು ಹತ್ತರಲ್ಲಿ ಎರಡು ಕಾಯಿ ಒಯ್ಯುತ್ತವೆ, ಅದಕ್ಕೆ ನಾನು ಒಪ್ಪಿಕೊಂಡಿದ್ದೇನೆ.

ಬಸವನಹುಳುವಿಗೆ ಬಲೆಮನೆಯಲ್ಲಿ ಮದ್ದಿಲ್ಲ. ಸಂಜೆ ಒದ್ದೆ ಗೋಣಿಯ ಕೆಳಗೆ ಪಪಾಯಿ ಎಲೆ ಹರಡಿಟ್ಟು, ಬೆಳಿಗ್ಗೆ ಆರಿಸಿ ಉಪ್ಪುನೀರಿಗೆ ಹಾಕುವ ಹಳೆಯ ಕ್ರಮವೇ ನಡೆದಿದೆ.

ಲೆಕ್ಕ ಹಾಕಿದರೆ 69,000 ರೂಪಾಯಿ ಕೆಲವೇ ವರ್ಷಗಳಲ್ಲಿ ತರಕಾರಿಯ ಬೆಲೆಯಿಂದ ಹಿಂತಿರುಗುವ ಮೊತ್ತವಲ್ಲ. ಪೈಪು ನಮ್ಮ ಕಾಲಕ್ಕೆ ಸಾಕಾದೀತು, ಬಲೆ ಮತ್ತು ಹಾಳೆಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ನೆಲ ಕಡಿಮೆ ಇರುವವರು 10 ಅಡಿ ಉದ್ದಗಲದಲ್ಲಿ ಸೊಪ್ಪು, ಮೆಣಸು, ಟೊಮೆಟೊಗಳಿಗೆ ಮಾತ್ರ ಕಟ್ಟಿಸಿಕೊಂಡರೆ ಹಣಕ್ಕೆ ಹೆಚ್ಚು ನ್ಯಾಯ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಕಟ್ಟಿಸುವವರು ಮುಂಗಡ ಕೊಡುವ ಮೊದಲೇ ಇಳಿಜಾರಿನ ಮಾಡು, ಚಾನೆಲ್ಲು-ಸ್ಪ್ರಿಂಗು, ನೆಲಕ್ಕಿಳಿದ ಜಾಲರಿ, ಈ ಮೂರನ್ನೂ ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು, ಮತ್ತು ಬಾಗಿಲಿಗೆ ಚಿಲಕ ಸಾಲದು, ಕೊಂಡಿಯಿರುವ ಬೀಗ ಬೇಕು. ನಮ್ಮ ಬಾಗಿಲಿನ ಚಿಲಕವನ್ನು ಸರಿಸುವುದನ್ನು ಮಂಗವೊಂದು ಕಳೆದ ಕಾರ್ತಿಕದಲ್ಲಿ ಕಲಿತಿದೆ. ಬೀಗದ ಕೈ ಈಗ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದೆ.